ರೋಹಿಣಿ ಬರೆದ ಮಲ್ಲಸಾನಿ ಆಟ

ರೋಹಿಣಿ ನಮ್ಮೂರ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ವಯಸ್ಸು ನಲವತ್ತೊಂದು. ಊರು ಮೊರಬದಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಮಳೆ ಬಿದ್ದು ಎರೆಮಣ್ಣು ರಸ್ತೆಗೆ ಹತ್ತಿದ ದಿನ ಒಂದು ತಾಸು. ಹೊರಗೆ ಹೋಗಿ ಓದಲಾಗದೆ ಮನೆಯಲ್ಲೇ ಕುಳಿತು ಬಿ.ಎ. ಮುಗಿಸಿದಳು. ಅಣ್ಣಿಗೇರಿಗೆ ಮದುವೆಯಾಗಿ ಹೋದವಳು ಮೂರನೇ ವರ್ಷಕ್ಕೆ ತವರಿಗೆ ಮರಳಿದಳು. ಕಾರಣ ಅವಳು ಹೇಳಿಲ್ಲ, ನಾನು ಕೇಳಿಲ್ಲ. ಧಾರವಾಡದಲ್ಲಿ ಮೂವತ್ತೆರಡು ವರ್ಷ ಸಮಾಜಶಾಸ್ತ್ರ ಕಲಿಸಿ ನಿವೃತ್ತಳಾಗಿ ಊರಿಗೆ ಬಂದ ಮೇಲೆ ನಾನು ಪತ್ರಿಕೆ ಓದಲು ಅವಳ ಗ್ರಂಥಾಲಯಕ್ಕೆ ಹೋಗುತ್ತೇನೆ. ನಮ್ಮ ಪರಿಚಯ ಆದದ್ದು ಹಾಗೆ.

ಅವಳಿಗೆ ಒಂದೇ ಆಸೆ ಇತ್ತು. ಆ ಆಸೆ ಮಲ್ಲಸಾನಿ ಆಟಕ್ಕೆ ಸಂಬಂಧಿಸಿದ್ದು.

ಮಲ್ಲಸಾನಿ ನಮ್ಮೂರ ಸಣ್ಣಾಟ, ಬಯಲಾಟದ ಒಂದು ಬಗೆ. ಸಣ್ಣಾಟದಲ್ಲಿ ಮಾತಿಗಿಂತ ಹಾಡು ಹೆಚ್ಚು. ಇದರಲ್ಲಿ ನಲವತ್ತಮೂರು ಹಾಡುಗಳಿವೆ. ದೇಸಾಯಿ ದಂಡಿಗೆ ಹೋಗಿರುವಾಗ ಬರ ಬೀಳುತ್ತದೆ. ಅವನ ಹೆಂಡತಿ ಮಲ್ಲಸಾನಿ ವಾಡೆಯ ಹಗೇವುಗಳನ್ನು, ಅಂದರೆ ನೆಲದೊಳಗಿನ ಜೋಳದ ಕಣಜಗಳನ್ನು, ತೆಗೆಸಿ ಊರಿಗೆ ಹಂಚುತ್ತಾಳೆ. ಜೋಳ ಮಾರಿಕೊಂಡಳು, ನಡತೆಗೆಟ್ಟಳು ಎಂದು ಮೈದುನ ಅವಳ ಮೇಲೆ ಅಪವಾದ ಹೊರಿಸುತ್ತಾನೆ. ದೇಸಾಯಿ ಮರಳಿ ಬಂದು ಚಾವಡಿಯಲ್ಲಿ ವಿಚಾರಣೆ ನಡೆಸಿದಾಗ ಅವಳ ಜೋಳ ಉಂಡವರಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ. ಅವಳು ಒಂದು ಹಾಡು ಹಾಡಿ ಬರಿಗಾಲಲ್ಲಿ ಊರು ಬಿಡುತ್ತಾಳೆ. ಅಲ್ಲಿಗೆ ಆಟ ಮುಗಿಯುತ್ತದೆ.

ಈ ಆಟದ ಪಾರ್ಟುಗಳು ಮನೆತನಕ್ಕೆ ಸೇರಿದವು. ದೇಸಾಯಿಯ ಪಾರ್ಟು ಈರಬಸಪ್ಪ ಗೌಡರ ಮನೆಯದು. ಮಲ್ಲಸಾನಿಯ ಪಾರ್ಟು ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಸಂಗನಬಸವನ ಮನೆಯದು. ಅಜ್ಜ, ಅಪ್ಪ, ಅವರ ನಂತರ ಅವನು, ಮೂರು ತಲೆಮಾರು ಸೀರೆ ಉಟ್ಟು ಹಾಡಿದ್ದಾರೆ. ರೋಹಿಣಿಯ ಕೇರಿಗೆ ಬಂದದ್ದು ಹಲಗೆ. ಅವಳ ಅಪ್ಪ ಗಂಗಪ್ಪ ಆಟದ ಹಿಂದಿನ ದಿನ ಹಲಗೆ ಬಾರಿಸಿ ಊರಿಗೆ ಸಾರುತ್ತಿದ್ದ. ಆಟದ ದಿನ ಕೇರಿಯವರ ಜೊತೆ ರಂಗದ ಎಡಬದಿಗೆ ನೆಲದ ಮೇಲೆ ಕುಳಿತು ನೋಡುತ್ತಿದ್ದ. ಅವನ ಮಗ್ಗುಲಲ್ಲಿ ಕುಳಿತು ರೋಹಿಣಿ ನಲವತ್ತಮೂರೂ ಹಾಡು ಕಲಿತಳು. ಪುಸ್ತಕಗಳಿಗೆ ನಂಬರು ಅಂಟಿಸುವಾಗ ಅವಳು ಹಾಡಿಕೊಳ್ಳುವುದನ್ನು ನಾನು ಕೇಳಿದ್ದೇನೆ. ಸಂಗನಬಸವನಿಗಿಂತ ಚೆನ್ನಾಗಿ ಹಾಡುತ್ತಾಳೆ. ಇದು ನನ್ನ ಅಭಿಪ್ರಾಯವಷ್ಟೇ ಅಲ್ಲ, ಒಮ್ಮೆ ಸಂಗನಬಸವನೇ ಹೇಳಿದ್ದ.

ಊರಿಗೆ ನಾನು ಬಾಯಾರು, ಅಂದರೆ ಟೀಚರಮ್ಮ. ಒಂದು ದಿನ ಅವಳು, "ನಾ ಒಮ್ಮೆ ಮಲ್ಲಸಾನಿ ಆಗಬೇಕಂತ ಐತ್ರಿ ಬಾಯಾರ," ಎಂದಳು. "ಬರೇ ಒಮ್ಮೆ. ಜನಾ ನೋಡದಿದ್ರೂ ನಡೀತೈತಿ."

ಹಾರ್ಮೋನಿಯಂ ನುಡಿಸಿ ಆಟ ಕಲಿಸುತ್ತಿದ್ದ ಪೇಟಿ ಮಾಸ್ತರರು ತೀರಿಕೊಂಡ ಮೇಲೆ ಆರು ವರ್ಷದಿಂದ ಆಟ ನಿಂತಿತ್ತು. ನಡೆದಿದ್ದರೂ ಆ ಪಾರ್ಟು ಅವಳಿಗೆ ಬರುವಂತಿರಲಿಲ್ಲ.

ಹೋದ ವರ್ಷ ಅವಳು ಧಾರವಾಡದಲ್ಲಿ ಮೂರು ದಿನದ ತರಬೇತಿಗೆ ಹೋಗಿದ್ದಳು. ಅಲ್ಲಿ ಕೆಲವು ಯುವಕರು ಒಂದು ಹೊಸ ಬಗೆಯ ಆಟ ಆಡಿಸಿದರಂತೆ. ಬಂದವರಿಗೆಲ್ಲ ಒಂದೊಂದು ಚೀಟಿ. ಅದರಲ್ಲಿ ನೀನು ಯಾರು, ನಿನಗೆ ಏನು ಗೊತ್ತು, ಏನು ಬೇಕು, ಯಾರಿಂದ ಏನು ಮುಚ್ಚಿಡಬೇಕು ಎಂಬುದಷ್ಟೇ ಇರುತ್ತದೆ. ಬಾಯಿಪಾಠದ ಮಾತಿಲ್ಲ, ರಂಗವಿಲ್ಲ, ನೋಡಲು ಜನವಿಲ್ಲ, ಬಂದವರೆಲ್ಲ ಪಾತ್ರಗಳೇ. ನಾಲ್ಕಾರು ತಾಸು ಆ ಪಾತ್ರವಾಗಿಯೇ ಓಡಾಡಬೇಕು. ಕತೆ ಎಲ್ಲಿಗೆ ಮುಟ್ಟುತ್ತದೆಂದು ಬರೆದವರಿಗೂ ತಿಳಿದಿರುವುದಿಲ್ಲ. ರೋಹಿಣಿಗೆ ಇದೆಲ್ಲದಕ್ಕಿಂತ ಹೆಚ್ಚು ಹಿಡಿಸಿದ ಮಾತು ಬೇರೆ: ಯಾರು ಏನಾಗಬೇಕೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ.

"ಚೀಟಿಗೆ ಮನಿತನ ಗೊತ್ತಿರೂದಿಲ್ಲಲ್ರಿ," ಎಂದಳು.

ನಾಲ್ಕು ತಿಂಗಳು ಬರೆದಳು. ಗ್ರಂಥಾಲಯದ ಹಳೆಯ ರಜಿಸ್ಟರುಗಳ ಖಾಲಿ ಹಾಳೆಗಳಲ್ಲಿ, ನೀಲಿ ಶಾಯಿಯಲ್ಲಿ, ದುಂಡನೆಯ ಅಕ್ಷರದಲ್ಲಿ. ಮೊದಲ ಕರಡಿನಲ್ಲಿ ಹಾಡುಗಳನ್ನೆಲ್ಲ ಇಟ್ಟಿದ್ದಳು. ಹಾಡು ಇದ್ದರೆ ಜನ ಅದರ ಹಿಂದೆ ಹೋಗುತ್ತಾರೆ, ತಮ್ಮ ಬುದ್ಧಿ ಉಪಯೋಗಿಸುವುದಿಲ್ಲ ಎಂದೆ. ಎರಡನೆಯ ಕರಡಿನಲ್ಲಿ, ಮನಸ್ಸಿಗೆ ಬಂದಾಗ ಯಾರು ಬೇಕಾದರೂ ಹಾಡಬಹುದು ಎಂದು ಬದಲಿಸಿದಳು. ಸಣ್ಣಾಟದಲ್ಲಿ ಬರೇ ಗುಂಪಾಗಿ ನಿಲ್ಲುತ್ತಿದ್ದ ಊರ ಜನಕ್ಕೆ ಒಬ್ಬೊಬ್ಬರಿಗೂ ಒಂದು ಹೆಸರು, ಒಂದು ಭಯ ಕೊಟ್ಟಳು. ಒಬ್ಬ ಗಾಣಿಗನಿಗೆ ಮೈದುನನ ಹಂಗು. ಒಬ್ಬ ಮುದುಕಿಯ ಮೊಮ್ಮಗು ಮಲ್ಲಸಾನಿಯ ಜೋಳದಿಂದ ಉಳಿದದ್ದು. ಚೆನ್ನಿ ಎಂಬ ದಾಸಿಗೆ ನಿಜ ಪೂರ್ತಿ ಗೊತ್ತು. ಅವರಲ್ಲಿ ಯಾರಾದರೂ ಚಾವಡಿಯಲ್ಲಿ ಬಾಯಿ ಬಿಟ್ಟರೆ ಕತೆ ತಿರುಗುತ್ತಿತ್ತು. ಒಟ್ಟು ಇಪ್ಪತ್ತಾರು ಚೀಟಿ. ಮೂವತ್ತೆರಡು ವರ್ಷದಲ್ಲಿ ನಾನು ತಿದ್ದಿದ ಪ್ರಬಂಧಗಳಲ್ಲಿ ಇಷ್ಟು ಅಚ್ಚುಕಟ್ಟಾದವು ಹತ್ತು ಸಿಕ್ಕಾವು.

ನಿಯಮಗಳು ಆರೇ ಇದ್ದವು. ಏಳನೆಯದನ್ನು ಸೇರಿಸಲು ಹೇಳಿದವಳು ನಾನು. ವಯಸ್ಸಾದ ಗಂಡಸಿನ ಕೈಗೆ ಎಳೆಯ ಸೊಸೆಯ ಚೀಟಿ ಬಂದರೆ ಮುಜುಗರವಾಗುತ್ತದೆ, ಎದ್ದು ಹೋಗುತ್ತಾರೆ ಎಂದೆ. ಅವಳು ಬರೆದುಕೊಂಡಳು: "ಇಬ್ಬರೂ ಒಪ್ಪಿದರೆ, ಆಟ ಶುರುವಾಗುವ ಮೊದಲು ಚೀಟಿ ಅದಲುಬದಲು ಮಾಡಿಕೊಳ್ಳಬಹುದು."

ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಹತ್ತಕ್ಕೆ, ಕನ್ನಡ ಶಾಲೆಯ ಅಂಗಳದಲ್ಲಿ ಜನ ಸೇರಿದರು. ನಾವಿಬ್ಬರೂ ಸೇರಿ ಇಪ್ಪತ್ತಾರು ಮಂದಿ ಆಗುತ್ತೇವೆಂದು ನಾನು ನಂಬಿರಲಿಲ್ಲ, ಆದೆವು. ಜನ ಮಲ್ಲಸಾನಿ ಎಂಬ ಹೆಸರಿಗೆ ಬಂದರು. ಈರಬಸಪ್ಪ ಗೌಡರು ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದರು. ರೋಹಿಣಿ ಸ್ಟೀಲಿನ ಬೋಗುಣಿಯಲ್ಲಿ ಚೀಟಿ ಹಾಕಿ ಒಬ್ಬೊಬ್ಬರ ಮುಂದೆ ಹಿಡಿದಳು. ಕೊನೆಗೆ ಉಳಿದದ್ದು ಬರೆದವಳಿಗೆ ಎಂಬುದು ಆರನೆಯ ನಿಯಮ.

ಸ್ವಸಹಾಯ ಸಂಘದ ಹಸೀನಾಬಿಗೆ ಮೈದುನನ ಚೀಟಿ ಬಂತು. "ಯವ್ವಾ, ಮೀಸಿ ಎಲ್ಲಿಂದ ತರ್ಲಿ? ನಮ್ಮ ಮನಿಯವ್ರದು ಕಡಾ ತರಬೇಕು!" ಎಂದಳು. ಎಲ್ಲರೂ ನಕ್ಕರು. ರೋಹಿಣಿಯ ಚಿಕ್ಕಪ್ಪನ ಮಗ ಹುಲಿಗೇಶ ಈ ಗೌಡರ ಟ್ರ್ಯಾಕ್ಟರ್ ಓಡಿಸುತ್ತಾನೆ. ಅವನು ತನ್ನ ಚೀಟಿ ಓದಿ, ಮಡಚಿ, ಮತ್ತೆ ಬಿಚ್ಚಿ ಓದಿದ. ದೇಸಾಯಿ. ಗೌಡರಿಗೆ ಬಂದದ್ದು ಹಗೇವಿನೊಳಗೆ ಇಳಿದು ಜೋಳ ಎತ್ತಿ ಕೊಡುವ ಆಳು.

ಗೌಡರು ಸಿಟ್ಟಾಗಲಿಲ್ಲ. ಅವರು ಸಭ್ಯರು. "ಹುಲಿಗೇಶಾ, ಹಗೇವು ಇಳಿಯೂದು ನನಗೇನ ಗೊತ್ತೋ ಮಾರಾಯ? ಒಳಗ ಉಸಿರು ಕಟ್ಟಿದ್ರ ನೀನ ಬಂದು ಎತ್ತಬೇಕು," ಎಂದು ನಕ್ಕರು.

"ಹೌದ್ರಿ ಗೌಡ್ರ. ತಗೋರಿ," ಎಂದು ಹುಲಿಗೇಶ ಎರಡೂ ಕೈಯಿಂದ ಚೀಟಿ ಕೊಟ್ಟ.

"ಏ ಹುಲಿಗೇಶಣ್ಣಾ!" ಹಸೀನಾಬಿ ಕೂಗಿದಳು. "ಚಾ ಕುಡಿಯೂದ್ರೊಳಗ ರಾಜ್ಯ ಬಿಟ್ಟೆಲ್ಲೋ!"

"ನನಗ ಟ್ರ್ಯಾಕ್ಟರ್ ಸಾಕು ಬೇ," ಎಂದ ಅವನು.

ಅದಾದ ಮೇಲೆ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಹಸೀನಾಬಿ ಮೈದುನನ ಚೀಟಿಯನ್ನು ಗೌಡರ ಅಳಿಯನಿಗೆ ಕೊಟ್ಟು ನೀರು ಹೊರುವವಳ ಚೀಟಿ ತೆಗೆದುಕೊಂಡಳು. ಕೇರಿಯವರ ಕೈಗೆ ಬಂದಿದ್ದ ವಾಡೆಯ ಚೀಟಿಗಳು ಗೌಡರ ಕಡೆಯವರಿಗೆ ಹೋದವು. ಎಲ್ಲವೂ ನಗುತ್ತ, ತಮಾಷೆ ಮಾಡುತ್ತ, ಚಹದ ಜೊತೆ. ಒಬ್ಬರೂ ಒತ್ತಾಯ ಮಾಡಲಿಲ್ಲ. ಕಾಲು ತಾಸಿನಲ್ಲಿ ಬಹುಪಾಲು ಚೀಟಿಗಳ ಕೈ ಬದಲಾದವು, ಮತ್ತು ಅಂಗಳದಲ್ಲಿ ನಮ್ಮ ಊರು ದಿನವೂ ಹೇಗಿರುತ್ತದೋ ಹಾಗೆ ನಿಂತಿತ್ತು. ನನಗೆ ಚಾವಡಿಯಲ್ಲಿ ವಿಚಾರಣೆ ಬರೆದುಕೊಳ್ಳುವ ಕಾರಕೂನನ ಚೀಟಿ ಬಂದಿತ್ತು. ಬದಲಿಸುವ ಅಗತ್ಯ ಬೀಳಲಿಲ್ಲ.

ಬೋಗುಣಿಯ ತಳದಲ್ಲಿ ಉಳಿದ ಚೀಟಿಯನ್ನು ರೋಹಿಣಿ ಎತ್ತಿಕೊಂಡಿದ್ದಳು. ಅದು ಮಲ್ಲಸಾನಿ. ಅವಳು ಮೋಸ ಮಾಡಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ.

ಸಂಗನಬಸವನಿಗೆ ದಾಸಿ ಚೆನ್ನಿಯ ಚೀಟಿ ಬಂದಿತ್ತು. ಅವನು ಒಳ್ಳೆಯ ಮನುಷ್ಯ, ಅದನ್ನು ಇಲ್ಲಿ ಹೇಳಲೇಬೇಕು. ರೋಹಿಣಿಯ ಮುಖ ನೋಡಿಯೇ ತಿಳಿದುಕೊಂಡ. "ಬಂತಲ್ಲ? ಚಲೋ ಆತು. ಮೂವತ್ತು ವರ್ಷ ನಾ ಆದೆ, ಇವತ್ತ ನೀ ಆಗು ತಂಗಿ. ನಾ ದಾಸಿ ಆಗ್ತೀನಿ," ಎಂದ. ಆಮೇಲೆ ಕನ್ನಡಕ ಹಾಕಿಕೊಂಡು ತನ್ನ ಚೀಟಿ ಓದತೊಡಗಿದ. ಅರ್ಧಕ್ಕೆ ನಿಂತ.

ಅದರಲ್ಲಿ ರೋಹಿಣಿಯೇ ಬರೆದಿದ್ದಳು: "ಮಲ್ಲಸಾನಿ ಹಗೇವಿನ ಹತ್ತಿರದಿಂದ ವಾಡೆಗೆ ಬಂದಾಗಲೆಲ್ಲ ನೀನು ಅವಳ ಕಾಲು ತೊಳೆಯಬೇಕು. ಅವಳ ಪಾದ ಒಡೆದದ್ದು ಕಂಡವಳು ನೀನೊಬ್ಬಳೇ."

ಬರೆಯುವಾಗ ಅವಳ ಕಣ್ಣ ಮುಂದೆ ಇದ್ದದ್ದು ಮಲ್ಲಸಾನಿಯ ಒಡೆದ ಪಾದ. ಯಾರ ಕೈ, ಯಾರ ಕಾಲು ಎಂದು ಯೋಚಿಸಿರಲಿಲ್ಲ. ನಾಲ್ಕು ಸಲ ಓದಿದ ನಾನೂ ಯೋಚಿಸಿರಲಿಲ್ಲ.

ಸಂಗನಬಸವ ಕನ್ನಡಕ ತೆಗೆದು ಒರೆಸಿದ. ಚೀಟಿಯನ್ನು ಗೌಡರಿಗೆ ತೋರಿಸಲಿಲ್ಲ. ಆದರೆ ಪಕ್ಕದಲ್ಲಿದ್ದವರು ಬಗ್ಗಿ ಓದಿದರು, ಓದಿದವರು ಓದದವರಿಗೆ ಹೇಳಿದರು. ತಮಾಷೆ ನಿಂತಿತು. ಶಾಲೆಯ ನಲ್ಲಿಯ ಹತ್ತಿರ, ಆಟಕ್ಕೆಂದು ರೋಹಿಣಿಯೇ ತಂದಿಟ್ಟಿದ್ದ ತಾಮ್ರದ ಚೊಂಬು ಇತ್ತು. ಸಂಗನಬಸವ ಅದನ್ನು ನೋಡುತ್ತಿದ್ದ.

"ತೊಳೀತೀನಿ. ಆಟ ಐತಲ್ಲ," ಎಂದ, ಯಾರೂ ಕೇಳದಿದ್ದರೂ.

ಹುಲಿಗೇಶ ರೋಹಿಣಿಯ ಹತ್ತಿರ ಬಂದ. "ಬ್ಯಾಡಕ್ಕಾ," ಎಂದ, ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸುವಂತೆ, ಸಣ್ಣಗೆ. "ಆಟ ನಾಕ ಗಂಟೆಕ್ಕ ಮುಗೀತೈತಿ. ಆಮ್ಯಾಲೂ ನಾವು ಇಲ್ಲೇ ಇರಾವ್ರು."

ಅವಳು ಅಂಗಳ ದಾಟಿ ಹೋಗಿ ಚೀಟಿಯನ್ನು ಸಂಗನಬಸವನ ಮುಂದೆ ಹಿಡಿದಳು. "ನಿಮ್ಮ ಮನಿ ಪಾರ್ಟು ನಿಮ್ಮ ಮನ್ಯಾಗ ಇರ್ಲಿ ತಗೋರಿ ಕಾಕಾ."

"ಬ್ಯಾಡ ಬೇ ತಂಗಿ, ನಾ ಏನರ ಅಂದೆನೇನು?"

"ಇಲ್ರಿ. ನೀವು ಏನೂ ಅಂದಿಲ್ಲ."

ಅವನು ತೆಗೆದುಕೊಂಡ. ಇಬ್ಬರೂ ಒಪ್ಪಿದ್ದರಿಂದ ಏಳನೆಯ ನಿಯಮದಂತೆ ಅದು ಸರಿಯಾಗಿತ್ತು.

ಆಟ ಹನ್ನೊಂದಕ್ಕೆ ಶುರುವಾಯಿತು. ಯಾರಿಗೂ ಅಳುಕಿರಲಿಲ್ಲ, ಎಲ್ಲರೂ ತಮಗೆ ರೂಢಿಯಿದ್ದದ್ದನ್ನೇ ಮಾಡಬೇಕಿತ್ತು. ಹುಲಿಗೇಶ ಇಲ್ಲದ ಹಗೇವಿಗೆ ಇಳಿದು ಇಲ್ಲದ ಜೋಳದ ಚೀಲ ಎತ್ತಿದ, ಬೆವರು ಮಾತ್ರ ನಿಜವಾಗಿ ಬಂತು. ರೋಹಿಣಿ ಸಂಗನಬಸವನ ಕಾಲಿಗೆ ನೀರು ಹಾಕಿ ತೊಳೆದಳು. ಒಂದಲ್ಲ, ಮೂರು ಸಲ. ಅದನ್ನು ಯಾರೂ ವಿಶೇಷವಾಗಿ ಗಮನಿಸಲಿಲ್ಲ.

ಮೂರು ಗಂಟೆಗೆ ಚಾವಡಿ ಸೇರಿತು. ದೇಸಾಯಿ ಶಾಲೆಯ ಕಟ್ಟೆಯ ಮೇಲೆ ಕುಳಿತ. ಮಲ್ಲಸಾನಿಯ ಪರ ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಗಾಣಿಗ ಸುಮ್ಮನಿದ್ದ. ಮೊಮ್ಮಗು ಉಳಿಸಿಕೊಂಡ ಮುದುಕಿ ಸುಮ್ಮನಿದ್ದಳು. ಚೀಟಿ ಬಾಯಿ ಬಿಡಬೇಡ ಎಂದಿರಲಿಲ್ಲ. ಸಣ್ಣಾಟದಲ್ಲಿ ಸುಮ್ಮನಿರುತ್ತಿದ್ದರು, ಆದ್ದರಿಂದ ಇಲ್ಲೂ ಸುಮ್ಮನಿದ್ದರು.

ರೋಹಿಣಿ ಎದ್ದು ನಿಂತಳು. "ನಾ ಅದೀನ್ರಿ ದಣ್ಯಾರ. ಜೋಳಾ ಗಾಡಿಗೆ ಹೇರಿ ಮಾರಿದಾವ್ರು ನಿಮ್ಮ ತಮ್ಮಾರು. ನಸುಕಿನ್ಯಾಗ ನಾ ಕಣ್ಣಾರೆ ಕಂಡೀನಿ. ನಮ್ಮವ್ವಂದು ಎಳ್ಳಷ್ಟೂ ತಪ್ಪಿಲ್ಲ."

ಈ ಮಾತು ಸಣ್ಣಾಟದಲ್ಲಿ ಇಲ್ಲ. ಗೌಡರು ಗದ್ದ ತುರಿಸಿಕೊಂಡರು. ನಾಲ್ಕು ತಿಂಗಳು ಬರೆದದ್ದಕ್ಕೆ ಉತ್ತರ ಈಗ ಬರಬೇಕಿತ್ತು, ಬಂತು.

"ದಾಸಿ ಮಾತು ಸಾಕ್ಷಿ ಆಗೂದಿಲ್ಲ," ಎಂದರು ಗೌಡರು. ನನ್ನತ್ತ ತಿರುಗಿ, "ಕಾರಕೂನರ, ಅದನ್ನ ಬರಕೋಬ್ಯಾಡ್ರಿ," ಎಂದರು.

ಇದನ್ನು ಅವರಿಗೆ ಯಾವ ಚೀಟಿಯೂ ಹೇಳಿಕೊಟ್ಟಿರಲಿಲ್ಲ. ಸ್ವಂತ ಬುದ್ಧಿಯಿಂದ ಹೇಳಿದ್ದು. ಜನ ಚಪ್ಪಾಳೆ ತಟ್ಟಿದರು. "ಅಗದೀ ದೇಸಾಯಿನ ಬಂದಂಗಾತು!" ಎಂದು ಗೌಡರ ಅಳಿಯ ಕೂಗಿದ. ಕಾರಕೂನ ದೇಸಾಯಿಯ ಮಾತು ಮೀರುವಂತಿಲ್ಲ ಎಂದು ನನ್ನ ಚೀಟಿಯಲ್ಲಿತ್ತು. ನಾನು ಬರೆದುಕೊಳ್ಳಲಿಲ್ಲ.

ಆಮೇಲೆ ಸಂಗನಬಸವ ಊರು ಬಿಡುವ ಹಾಡು ಹಾಡಿದ. ಚೆನ್ನಾಗಿಯೇ ಹಾಡಿದ. ಹಸೀನಾಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ರೋಹಿಣಿಯ ತುಟಿ ಅಲುಗಾಡಲಿಲ್ಲ. ಅವಳು ಆ ಹಾಡನ್ನು ಆಮೇಲೆ ಗ್ರಂಥಾಲಯದಲ್ಲೂ ಹಾಡಿಕೊಂಡದ್ದನ್ನು ನಾನು ಕೇಳಿಲ್ಲ.

ಆಟ ಊರಿಗೆ ಹಿಡಿಸಿತು. ವರ್ಷಕ್ಕೊಮ್ಮೆ ಆಗಬೇಕೆಂದರು. ಪಕ್ಕದ ಹಳ್ಳಿಯವರು ತಮಗೂ ಬರೆದುಕೊಡು ಎಂದು ಫೋನ್ ಮಾಡಿದರು. ಈ ಸಲ ರಾಜ್ಯೋತ್ಸವಕ್ಕೆ ಆಡುವುದೆಂದು ಪಂಚಾಯಿತಿಯಲ್ಲಿ ತೀರ್ಮಾನವಾಯಿತು. ಗೌಡರು ಗ್ರಂಥಾಲಯಕ್ಕೆ ಬಂದು ರೋಹಿಣಿಯನ್ನು ಹೊಗಳಿದರು. "ಒಂದ ಮಾತವ್ವ. ಚೀಟಿ ಎತ್ತೂದು, ಮತ್ತ ಬದಲು ಮಾಡೂದು, ಸುಮ್ನ ಹೊತ್ತು ಹೋಗತೈತಿ. ನೀನ ಹೆಸರು ಬರದು ಬಿಡು. ಯಾರು ಏನಂತ ನಿನಗ ಗೊತ್ತ ಐತಲ್ಲ."

"ಹೌದ್ರಿ," ಎಂದಳು.

ಅವರು ಹೋದ ಮೇಲೆ ನಾನು ಅವಳಿಗೆ ಹೇಳಿದೆ: ಏಳನೆಯ ನಿಯಮ ನನ್ನ ತಪ್ಪು, ಅದನ್ನು ತೆಗೆದುಹಾಕು, ಚೀಟಿ ಎತ್ತುವುದನ್ನು ಬಿಡಬೇಡ.

"ತಗದ್ರ ಯಾರ ಬರ್ತಾರ್ರಿ ಬಾಯಾರ?" ಎಂದಳು.

ಮುಂದಿನ ವಾರ ಹೊಸ ಚೀಟಿಗಳನ್ನು ಬರೆದು ತೋರಿಸಿದಳು. ಪ್ರತಿಯೊಂದರ ತಲೆಯ ಮೇಲೆ ಪಾತ್ರ, ಅದರ ಕೆಳಗೆ ಆಡುವವರ ಹೆಸರು. ದೇಸಾಯಿ, ಈರಬಸಪ್ಪ. ಮಲ್ಲಸಾನಿ, ಸಂಗನಬಸವ. ಆಳು, ಹುಲಿಗೇಶ. ನಾನು ಎಲ್ಲವನ್ನೂ ನೋಡಿ, ನಿನ್ನ ಹೆಸರು ಎಲ್ಲಿ ಎಂದೆ.

"ದಾಸೀನ್ನ ತಗದೀನ್ರಿ," ಎಂದಳು, ರಜಿಸ್ಟರಿನಿಂದ ಕಣ್ಣೆತ್ತದೆ. "ಆಕಿ ಇಲ್ದಿದ್ರೂ ಕತಿ ನಡೀತೈತಿ."

ನಾನು ಮೊದಲಿನಿಂದ ಮತ್ತೊಮ್ಮೆ ಓದಿದೆ. ಎಲ್ಲಾದರೂ ತೊಡಕು ಸಿಗುತ್ತದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ಕತೆ ನಡೆಯುತ್ತಿತ್ತು.