ಕಥೆ ಹೇಳದೆ ಸೀಡಿ ವಾಪಸ್ ಇಲ್ಲ

ನಂಜನಗೂಡಿನಲ್ಲಿ ಯಾರನ್ನಾದರೂ ನಿಲ್ಲಿಸಿ ಮಲ್ಲಾಜಮ್ಮನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಮಲ್ಲಾಜಮ್ಮ ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಸೀಡಿ ಮಲ್ಲಾಜಮ್ಮ ಎನ್ನಿ, ನಕ್ಕು ಕೈ ತೋರಿಸುತ್ತಾರೆ. ಆ ನಗುವಿಗೆ ಆಕೆ ಕವಡೆ ಕಾಸಿನ ಕಿಮ್ಮತ್ತು ಕೊಡುವವಳಲ್ಲ. ಊರಲ್ಲಿದ್ದ ಸೀಡಿ ಅಂಗಡಿಗಳೆಲ್ಲ ಒಂದೊಂದಾಗಿ ಬಾಗಿಲು ಹಾಕಿ ಮೊಬೈಲ್ ಅಂಗಡಿಯೋ ಬೇಕರಿಯೋ ಆಗಿ ಹೋದವು. ಮಲ್ಲಾಜಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಮಾತ್ರ ಇವತ್ತಿಗೂ ಬೆಳಗಾದರೆ ಶಟರ್ ಏಳುತ್ತದೆ. ಆಕೆ ಹಣೆಗೆ ವಿಭೂತಿ ಇಟ್ಟು, ಊದಿನಕಡ್ಡಿ ಹಚ್ಚಿ, ಗೋಡೆ ತುಂಬ ಜೋಡಿಸಿಟ್ಟ ಸೀಡಿಗಳ ಧೂಳು ಕೊಡವಿ ಕುರ್ಚಿಯಲ್ಲಿ ಕೂರುತ್ತಾಳೆ. ಬಾಡಿಗೆಗೆ ಯಾರು ಬರುತ್ತಾರೆ ಎಂದು ಕೇಳಬೇಡಿ. ಯಾರೂ ಬರುವುದಿಲ್ಲ.

ಅಂಗಡಿ ಶುರು ಮಾಡಿದ್ದು ಗಂಡ ಪುಟ್ಟಬಸವಯ್ಯ. ಬಾಡಿಗೆಗೆ ಕೊಡುವ ಟಿ.ವಿ., ಪ್ಲೇಯರ್ ಆಟೋದಲ್ಲಿ ಹಾಕಿಕೊಂಡು ತಾಂಡವಪುರ, ಕವಲಂದೆ ಅಂತ ಊರೂರು ತಿರುಗುತ್ತಿದ್ದವರು ಅವರು. ಅಂಗಡಿಯಲ್ಲಿ ಕೂರುತ್ತಿದ್ದವಳು ಮಲ್ಲಾಜಮ್ಮ. ಹಗಲೆಲ್ಲ ಅಂಗಡಿ, ಅದು ಮುಗಿದರೆ ಒಲೆ, ಇನ್ನು ಸಿನಿಮಾ ನೋಡುವುದಕ್ಕೆ ಪುರುಸೊತ್ತೆಲ್ಲಿ? ಆದರೆ ಗಿರಾಕಿ ಬಂದು ‘ಚೆನ್ನಾಗಿರೋದು ಒಂದು ಕೊಡಿ ಅಕ್ಕ’ ಎಂದರೆ ಏನಾದರೂ ಹೇಳಬೇಕಲ್ಲ. ಅದಕ್ಕೇ ಆಕೆ ಒಂದು ಕಟ್ಟಳೆ ಮಾಡಿದಳು. ಸೀಡಿ ವಾಪಸ್ ತಂದವರು ಅಲ್ಲೇ ಸ್ಟೂಲಿನ ಮೇಲೆ ಕೂತು ಕಥೆ ಹೇಳಬೇಕು. ಹೇಳದಿದ್ದರೆ ಸೀಡಿ ವಾಪಸ್ ತೆಗೆದುಕೊಳ್ಳುವುದಿಲ್ಲ, ಬಾಡಿಗೆ ಏರುತ್ತಾ ಹೋಗುತ್ತದೆ. ಅರ್ಧ ನೋಡಿ ಗೊರಕೆ ಹೊಡೆದವರು ಸಿಕ್ಕಿಬೀಳುತ್ತಿದ್ದರು. “ಕೊನೆಗೆ ಏನಾಯ್ತು ಗೊತ್ತಿಲ್ವಾ? ಹೋಗು, ನೋಡ್ಕೊಂಡು ಬಾ” ಎಂದು ಅಟ್ಟಿಬಿಡುತ್ತಿದ್ದಳು. ಹೆಂಡತಿ ಹೇಳಿಕೊಟ್ಟಿದ್ದನ್ನು ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸಿದ ಗಂಡಂದಿರೂ ಇದ್ದರು. ಹೀಗೆ ಒಂದೂ ಸಿನಿಮಾ ನೋಡದ ಮಲ್ಲಾಜಮ್ಮನಿಗೆ ಗೋಡೆಯ ಮೇಲಿನ ಅಷ್ಟೂ ಸಿನಿಮಾದ ಕಥೆ ಗೊತ್ತು.

ಅದರಲ್ಲೆಲ್ಲ ಆಕೆ ಹೆಚ್ಚು ಸಲ ಕೇಳಿದ ಕಥೆ ‘ಮರಳೂರ ದೊರೆ’ಯದು. ನೀವು ಹೆಸರು ಕೇಳಿರುವುದಿಲ್ಲ ಬಿಡಿ. ಬಂದಷ್ಟೇ ಬೇಗ ಥಿಯೇಟರಿನಿಂದ ಎತ್ತಂಗಡಿಯಾದ ಚಿತ್ರ. ಅದರ ಶೂಟಿಂಗ್ ತಲಕಾಡಿನ ಮರಳಿನಲ್ಲಿ ನಡೆದಿತ್ತು. ಗುಂಪಿನಲ್ಲಿ ನಿಲ್ಲುವುದಕ್ಕೆ ಜನ ಬೇಕು ಎಂದು ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕರೆಯುತ್ತಿದ್ದಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಪುಟ್ಟಬಸವಯ್ಯ ಹೊರಟು ನಿಂತರು. ಅವರ ಜೊತೆಗೆ ಎದುರುಗಡೆ ರಸಬಾಳೆ ಮಾರುವ ಕರಿಯಯ್ಯ, ಪಕ್ಕದ ಬೀದಿಯ ಬೆಟ್ಟಸ್ವಾಮಿ. ಮಲ್ಲಾಜಮ್ಮ ಕೋಳಿ ಕೂಗುವುದಕ್ಕೆ ಮುಂಚೆ ಎದ್ದು, ಹುಣಸೆಹಣ್ಣಿನ ಗೊಜ್ಜು ಕಾಯಿಸಿ ಅನ್ನ ಕಲಸಿ, ಕ್ಯಾರಿಯರ್ ತುಂಬಿ ಕೊಟ್ಟಳು.

ಸಂಜೆ ಗಂಡ ಖಾಲಿ ಕ್ಯಾರಿಯರ್ ಹಿಡಿದು ಮೀಸೆ ತಿರುವುತ್ತಾ ಬಂದರು. “ಆನೆ ಮೇಲೆ ಕೂರಿಸ್ಬಿಟ್ರು ಕಣೆ ನನ್ನ. ಇಳಿಯೋಕೇ ಬಿಡ್ಲಿಲ್ಲ. ಊಟಕ್ಕೆ ಪುರುಸೊತ್ತೆಲ್ಲಿ? ಬುತ್ತೀನ ಯಾರೋ ಹುಡುಗ್ರಿಗೆ ಕೊಟ್ಬಿಟ್ಟೆ” ಎಂದರು. ಮಲ್ಲಾಜಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನಿದ್ದೆಗೆಟ್ಟು ಮಾಡಿದ್ದು ಯಾರಿಗೋ! ಆನೆಯಂತೆ, ಅಂಬಾರಿಯಂತೆ! ಮುಖ ಊದಿಸಿಕೊಂಡು ಒಂದಷ್ಟು ದಿನ ಗಂಡನನ್ನು ಮಾತಾಡಿಸಲೇ ಇಲ್ಲ. ಸಿನಿಮಾದ ಸೀಡಿ ಅಂಗಡಿಗೆ ಬಂದ ಹೊಸದರಲ್ಲೇ ಪುಟ್ಟಬಸವಯ್ಯ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಮಗ ನಂಜೇಶ್ ಆಗ ಇನ್ನೂ ಸ್ಕೂಲಿಗೆ ಹೋಗುತ್ತಿದ್ದ. ಗಂಡ ಸತ್ತ ದುಃಖದಲ್ಲಿ ಬೇರೆ ಏನೇನೋ ನೆನಪಾಗಬೇಕಿತ್ತು. ಆಕೆಯನ್ನು ಮುಳ್ಳಿನ ಹಾಗೆ ಚುಚ್ಚಿದ್ದು ಒಂದೇ: ನಾನು ಕಟ್ಟಿಕೊಟ್ಟ ಬುತ್ತಿ ಉಣ್ಣದೆ ಆ ದಿನವೆಲ್ಲ ಬಿಸಿಲಲ್ಲಿ ಹಸಿದುಕೊಂಡಿದ್ದರಲ್ಲ, ಅಂಥವರ ಮೇಲೆ ನಾನು ಸಿಟ್ಟು ಮಾಡಿದೆನಲ್ಲ!

ಸತ್ತವರು ಪರದೆಯ ಮೇಲೆ ಓಡಾಡುವುದನ್ನು ನೋಡಲು ಆಕೆಗೆ ಧೈರ್ಯ ಬರಲಿಲ್ಲ. ಆ ಸೀಡಿಯನ್ನು ಮನೆಯೊಳಗೆ ಹಾಕಲೂ ಬಿಡಲಿಲ್ಲ. ಆದರೆ ಬಾಡಿಗೆಗೆ ಒಯ್ದವರೆಲ್ಲ ವಾಪಸ್ ತಂದು ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದರಲ್ಲ, ಅದನ್ನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಯಜಮಾನರು ಆನೆಯ ಮೇಲಿದ್ದರು ಎಂದು ಒಬ್ಬರು ಹೇಳಿದರೆ, ಕುದುರೆಯ ಮೇಲೆ ಎಂದು ಇನ್ನೊಬ್ಬರು. ಪೇಟ ಒಬ್ಬರ ಬಾಯಲ್ಲಿ ಕೆಂಪು, ಇನ್ನೊಬ್ಬರ ಬಾಯಲ್ಲಿ ಹಸಿರು. ಎಲ್ಲರೂ ಒಂದೇ ಹಾಗೆ ಹೇಳಬೇಕೆಂದು ಆಕೆಗೂ ಹಟವಿರಲಿಲ್ಲ.

ಈಗ ಮಗನ ವಿಷಯಕ್ಕೆ ಬರೋಣ. ತಾಯಿ ಸೀಡಿ ಬಾಡಿಗೆಗೆ ಕೊಡುವವಳು, ಮಗ ಮನೆಮನೆಗೆ ಫೈಬರ್ ವೈರು ಎಳೆದು ನೆಟ್ ಕೊಡುವವನು! ಶಿವನ ಲೀಲೆ ಅಂದರೆ ಇದೇ. ಅರ್ಧ ಊರು ಇವತ್ತು ಸಿನಿಮಾ ನೋಡುವುದು ನಂಜೇಶನ ವೈರಿನಲ್ಲಿ. ತಿಂಗಳಿಗೊಮ್ಮೆ ರೀಚಾರ್ಜ್, ನಾಲ್ಕು ಆಪ್ ಉಚಿತ. ತಾಯಿಯ ಗಿರಾಕಿಗಳನ್ನೆಲ್ಲ ಒಬ್ಬೊಬ್ಬರಾಗಿ ಎಳೆದುಕೊಂಡವನು ಹೊಟ್ಟೆಯಲ್ಲಿ ಹುಟ್ಟಿದ ಮಗನೇ. ಹಾಗಂತ ಮನೆಯಲ್ಲಿ ಜಗಳವೇನಿಲ್ಲ, ಒಂದೇ ಒಲೆ, ಒಂದೇ ಪಂಕ್ತಿ. ಸೊಸೆ ಅರ್ಪಿತ ಇಬ್ಬರಿಗೂ ಮುದ್ದೆ ಬಡಿಸಿ, ಇಬ್ಬರ ಮಾತಿಗೂ ಹೂಂ ಎನ್ನುವ ಜಾಣೆ. ಆದರೆ ನಂಜೇಶನಿಗೆ ಆಫೀಸಿಗೆ ಜಾಗ ಬೇಕಾಗಿತ್ತು, ರಸ್ತೆಗೆ ಮುಖ ಮಾಡಿದ ಮುಂದಿನ ಕೋಣೆಯೇ ಬೇಕಾಗಿತ್ತು.

“ಅವ್ವ, ಪ್ಲೇಯರ್ ಇರೋ ಮನೇನೇ ಇಲ್ಲ ಈಗ. ಯಾರಿಗೋಸ್ಕರ ಧೂಳು ಹೊಡೀತೀಯ? ಕೈಲಿರೋ ಫೋನಲ್ಲೇ ಸಾವಿರ ಸಿನಿಮಾ ಬತ್ತವೆ.”

“ಬರ್ಲಿ. ನೋಡಿದ್ಮೇಲೆ ಹೆಂಗಿತ್ತು ಅಂತ ಯಾರಾದ್ರೂ ಕೇಳ್ತಾರಾ?”

“ಆಪ್‌ಗಳೇ ಕೇಳ್ತವೆ. ಸ್ಟಾರ್ ಒತ್ತಬೌದು.”

“ಒತ್ಕೊ ಹೋಗು” ಎಂದಳು ಮಲ್ಲಾಜಮ್ಮ.

ಕೊನೆಗೆ ನಂಜೇಶ್ ಒಂದು ಪಂಥ ಕಟ್ಟಿದ. “ಶಿವರಾತ್ರಿ ಮುಗಿಯೋದ್ರೊಳಗೆ ಒಂದೇ ಒಂದು ಸೀಡಿ ಬಾಡಿಗೆಗೆ ಹೋಗ್ಲಿ, ನಾನು ಬಾಯಿ ಮುಚ್ಕೊಂಡಿರ್ತೀನಿ. ಹೋಗ್ಲಿಲ್ಲ ಅಂದ್ರೆ ಕೋಣೆ ಬಿಟ್ಕೊಡ್ಬೇಕು.” ಮಲ್ಲಾಜಮ್ಮ ಕೂಡಲೇ ಒಪ್ಪಿದಳು. ಹಿಂದೆಲ್ಲ ಶಿವರಾತ್ರಿ ಬಂತೆಂದರೆ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಜಾಗರಣೆಗೆ ಊರೂರಿನವರು ಟಿ.ವಿ., ಪ್ಲೇಯರ್, ಸೀಡಿ ಬೇಕೆಂದು ಮುಂಗಡ ಹೇಳಿಹೋಗುತ್ತಿದ್ದರು. ಅವರಲ್ಲಿ ಒಬ್ಬರಾದರೂ ಬಾರದೇ ಇರುತ್ತಾರೆಯೇ ಎಂಬ ಧೈರ್ಯ ಆಕೆಯದು.

ಯಾರೂ ಬರಲಿಲ್ಲ. ಶಿವರಾತ್ರಿಯ ದಿನವೂ ಬಂತು. ಮಧ್ಯಾಹ್ನದ ಹೊತ್ತಿಗೆ ಚರಂಡಿ ಅಗೆಯುತ್ತಿದ್ದ ಜೆಸಿಬಿಯೊಂದು ನಂಜೇಶನ ವೈರನ್ನು ಕಿತ್ತು ಹಾಕಿತು. ಇಡೀ ಬಡಾವಣೆಗೆ ನೆಟ್ ಇಲ್ಲ! ರಾತ್ರಿ ಜಾಗರಣೆ ಬೇರೆ. ನಂಜೇಶನ ಫೋನು ಬಡಿದುಕೊಳ್ಳತೊಡಗಿತು. ಅರೆಗಳಿಗೆಯಲ್ಲಿ ಮಲ್ಲಾಜಮ್ಮನ ಅಂಗಡಿಯ ಮುಂದೆ ಗುಂಪು. ಮುಂದುಗಡೆ ಬೆಟ್ಟಸ್ವಾಮಿ ಹಲ್ಲು ಕಿರಿಯುತ್ತಾ ನಿಂತಿದ್ದ.

“ಅಕ್ಕ, ಅಟ್ಟದ ಮ್ಯಾಲೆ ಪ್ಲೇಯರ್ ಅವೆಯಲ್ಲ, ಒಂದು ಕೊಡಿ. ಜೊತೆಗೆ ಮೂರು ಸೀಡಿ. ಇಲ್ಲಾಂದ್ರೆ ಮಲಗ್ಬುಡ್ತೀವಿ.”

ವೈರು ಸರಿಮಾಡಲು ಹೊರಟಿದ್ದ ನಂಜೇಶ್ ಬಾಗಿಲಲ್ಲೇ ನಿಂತ. ಪಂಥ ಸೋತೆ ಎಂದು ಅವನ ಮುಖವೇ ಹೇಳುತ್ತಿತ್ತು. ಮಲ್ಲಾಜಮ್ಮ ಕುರ್ಚಿಯಿಂದ ಎದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ಇಷ್ಟು ವರ್ಷ ಈ ರಸ್ತೇಲೇ ಓಡಾಡ್ತಿದ್ದೆಯಲ್ಲ ಬೆಟ್ಟಸ್ವಾಮಿ, ಒಂದಿನ ಈ ಕಡೆ ತಿರುಗಿ ನೋಡಿದ್ಯಾ? ನೆಟ್ ಹೋದಾಗ ಮಾತ್ರ ನೆನಪಾಗೋಕೆ ನಾನೇನು ಮೇಣದ ಬತ್ತೀನಾ? ನಾಳೆ ನೆಟ್ ಬಂದ್ಮೇಲೆ ಬಾ. ಆಗ್ಲೂ ಬೇಕು ಅನ್ನಿಸಿದ್ರೆ ಕೊಡ್ತೀನಿ. ಇವತ್ತು ಯಾರಿಗೂ ಇಲ್ಲ!”

ಎದುರಿನ ಗಾಡಿಯಿಂದ ಕರಿಯಯ್ಯ ಸಮಾಧಾನಕ್ಕೆ ಬಂದ. “ಓಗ್ಲಿ ಬುಡಿ ಮಲ್ಲಾಜಕ್ಕ, ಸಿಟ್ಟು ಮಾಡ್ಬ್ಯಾಡಿ. ‘ಮರಳೂರ ದೊರೆ’ನಾದ್ರೂ ಕೊಡಿ. ನಮ್ಮ ಬಸವಯ್ಯೋರು ಆನೆ ಮ್ಯಾಲೆ ಕುಂತು ಕತ್ತಿ ಇಡ್ಕೊಂಡು ಬರೋದ ಇನ್ನೊಂದು ದಪ ನೋಡ್ತೀವಿ.”

“ಕುದುರೆ ಕಣ್ಲಾ” ಎಂದ ಬೆಟ್ಟಸ್ವಾಮಿ.

“ಆನೆ ಅಂದ್ಮೇಲೆ ಆನೆ. ನಾನೇ ಪಕ್ಕದಲ್ಲಿ ನಿಂತಿರ್ನಿಲ್ವಾ?”

ಇಬ್ಬರೂ ಜಗಳ ಆಡುತ್ತಲೇ ಹೋದರು. ನಂಜೇಶ್ ತಾಯಿಯ ಹತ್ತಿರ ಬಂದು ಮೆಲ್ಲಗೆ, “ಕೊಟ್ಟಿದ್ರೆ ಗೆದ್ದಿರ್ತಿದ್ದೆಯಲ್ಲವ್ವ” ಎಂದ.

“ಹಂಗೆ ಗೆಲ್ಲೋದು ನಂಗೆ ಬೇಡ.”

ಸಂಜೆಯೊಳಗೆ ವೈರು ಸರಿಹೋಯಿತು. ಮನೆಗೆ ಬಂದ ನಂಜೇಶ್ ಸುಮ್ಮನೆ ಕೂರಲಾಗದೆ ಫೋನು ತೆಗೆದ. ಆನೆಯೋ ಕುದುರೆಯೋ? ಚಿಕ್ಕಂದಿನಲ್ಲಿ ಸ್ಕೂಲಿನಲ್ಲಿ ಆನೆ ಎಂದು ಜಂಬ ಕೊಚ್ಚಿಕೊಂಡಿದ್ದ. ಆಮೇಲೆ ಮರೆತುಬಿಟ್ಟಿದ್ದ. ಆ ಆಪ್, ಈ ಆಪ್, ಎಲ್ಲ ಜಾಲಾಡಿದ. ಅವನೇ ಊರಿಗೆಲ್ಲ ಹಂಚುವ ಸಾವಿರಾರು ಸಿನಿಮಾಗಳಲ್ಲಿ ‘ಮರಳೂರ ದೊರೆ’ ಇರಲಿಲ್ಲ. ಒಂದು ಫೋಟೋ ಕೂಡ ಸಿಗಲಿಲ್ಲ. ಅಪ್ಪನ ಮುಖ ಮದುವೆಯ ಫೋಟೋದಲ್ಲಿ ಬಿಟ್ಟರೆ ಅವನಿಗೂ ಸರಿಯಾಗಿ ನೆನಪಿರಲಿಲ್ಲ. “ಹೋಗಿ ಅತ್ತೇನ ಕೇಳಿ, ಅದಕ್ಕೇನು ನಾಚಿಕೆ?” ಎಂದಳು ಅರ್ಪಿತ.

ಬೆಳಿಗ್ಗೆ ನಂಜೇಶ್ ಅಳತೆಯ ಟೇಪು ಹಿಡಿದು ಅಂಗಡಿಗೆ ಬಂದ. ಮಲ್ಲಾಜಮ್ಮ ಕುರ್ಚಿಯಲ್ಲಿ ಕಲ್ಲಿನ ಹಾಗೆ ಕೂತಿದ್ದಳು. ಆಕೆಗೆ ಅಳು ಬಂದಿತ್ತು, ನಿಜ. ಆದರೆ ಮಗನ ಮುಂದೆ ಕಣ್ಣೀರು ಹಾಕುವ ಹೆಂಗಸೇ ಆಕೆ?

“ಸೋತಿದ್ದೀನಿ. ಆಡಿದ ಮಾತಿಗೆ ತಪ್ಪಲ್ಲ. ಅಳತೆ ತಗೊ” ಎಂದಳು.

ನಂಜೇಶ್ ಟೇಪನ್ನು ಎಳೆದ, ಬಿಟ್ಟ, ಮತ್ತೆ ಎಳೆದ. “ಅವ್ವ, ಆ ‘ಮರಳೂರ ದೊರೆ’ ಸೀಡಿ ಕೊಡು. ಒಂದು ಕಾಪಿ ಮಾಡ್ಕೊಂಡು ಕೊಡ್ತೀನಿ.”

“ಯಾವ ಸೀಡಿ? ಅಂಗಡಿ ಮುಚ್ಚೋಯ್ತಲ್ಲ.”

“ನಾನು ನಿನ್ನ ಮಗ ಕಣವ್ವ!”

“ಮಗನಿಗೆ ಮುದ್ದೆ ಇದೆ ಒಳಗಡೆ, ಹೋಗಿ ಉಣ್ಣು. ಸೀಡಿ ಬೇಕು ಅಂದ್ರೆ ಅಂಗಡಿ ಇರ್ಬೇಕು. ಬಾಡಿಗೆಗೆ ತಗೊಂಡೋಗ್ಬೇಕು. ನೋಡ್ಬೇಕು. ವಾಪಸ್ ತಂದು ಇಲ್ಲಿ ಕೂತು ಕಥೆ ಹೇಳ್ಬೇಕು. ಕಾಪಿಗೀಪಿ ನಮ್ಮಲ್ಲಿಲ್ಲ.”

ನಂಜೇಶ್ ತಲೆ ಕೆರೆದುಕೊಂಡ. ಟೇಪು ಜೇಬಿಗೆ ಹೋಯಿತು. “ಆಯ್ತು, ಅಂಗಡಿ ಇರ್ಲಿ.”

“ಎಲ್ಲೀತನಕ?”

“ನೀನಿರೋತನಕ.”

“ನಾನಿರೋತನಕ ಅಲ್ಲ, ನಂಗೆ ಸಾಕು ಅನ್ನಿಸೋತನಕ. ಸರಿಯಾಗಿ ಹೇಳು.” ಅವನ ಬಾಯಿಂದ ಅದನ್ನು ಹೇಳಿಸಿದ ಮೇಲೆಯೇ ಮಲ್ಲಾಜಮ್ಮ ಸ್ಟೂಲು ಹತ್ತಿ, ಮೇಲಿನ ಸಾಲಿನಿಂದ ಸೀಡಿ ತೆಗೆದು, ಸೆರಗಿನಲ್ಲಿ ಒರೆಸಿ, ಪ್ಲೇಯರಿನ ಸಮೇತ ಕೊಟ್ಟಳು. “ಗೀಚು ಬಿದ್ರೆ ಕೊಂದಾಕ್ಬುಡ್ತೀನಿ” ಎಂದೂ ಸೇರಿಸಿದಳು.

ಗಂಡ ಹೆಂಡತಿ ಅದನ್ನು ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನೋಡಿದರು. ಅರ್ಪಿತ ಜೋರಾಗಿ ನಕ್ಕಿದ್ದು, ಆಮೇಲೆ ಸದ್ದೇ ಇಲ್ಲದಂತಾಗಿದ್ದು ಮಲ್ಲಾಜಮ್ಮನಿಗೆ ಅಂಗಡಿಯಲ್ಲಿ ಕೂತಲ್ಲಿಗೇ ಕೇಳಿಸಿತು. ಎದ್ದು ಹೋಗಿ ಬಾಗಿಲು ತಟ್ಟಬೇಕು ಎನ್ನಿಸಿತು. ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ನಂಜೇಶ್ ಸ್ಟೂಲಿನ ಮೇಲೆ ಕೂತ. “ಮೊದಲಿಂದ ಹೇಳು” ಎಂದಳು ತಾಯಿ. ಅವನು ದೊರೆ ಹುಟ್ಟಿದ್ದು, ಬೆಳೆದದ್ದು, ಯುದ್ಧಕ್ಕೆ ಹೋದದ್ದು ಎಲ್ಲ ಹೇಳಿದ. ದೊರೆ ಸತ್ತ. ಆನೆಯ ಮೇಲೆ ಹೆಣ ಬಂತು. ಅಲ್ಲಿಗೆ ಬಂದಾಗ ಅವನ ಮಾತು ತಡವರಿಸಿತು.

“ಅಪ್ಪ... ಆ ಆನೆ ಮೇಲೆ ಕೂತ್ಕೊಂಡು ಬರ್ತಾರೆ. ಕೆಂಪು ಪೇಟ.”

ಚಿಕ್ಕಂದಿನಿಂದಲೂ ಸುಳ್ಳು ಹೇಳುವಾಗ ಕಿವಿ ಹಿಡಿದುಕೊಳ್ಳುವ ಹುಡುಗ ಅವನು. ಈಗಲೂ ಹಿಡಿದುಕೊಂಡಿದ್ದ.

“ಕಿವಿ ಬಿಡು. ಇದ್ದದ್ದು ಇದ್ದಂಗೆ ಹೇಳು.”

ನಂಜೇಶ್ ಕಿವಿ ಬಿಟ್ಟ. “ಆನೆ ಮೇಲೂ ಇಲ್ಲ, ಕುದುರೆ ಮೇಲೂ ಇಲ್ಲ ಕಣವ್ವ. ಪೇಟಾನೂ ಇಲ್ಲ. ಎಲ್ಲಾರೂ ಎದೆ ಬಡ್ಕೊಂಡು ಅಳ್ತಾವ್ರೆ. ಕರಿಯಯ್ಯ ಅಂತೂ ಮರಳಲ್ಲಿ ಉರುಳಾಡ್ತಾನೆ. ಆನೆ ದಾಟಿ ಮುಂದೆ ಹೋದ್ಮೇಲೆ ಹಿಂದ್ಗಡೆ ಕಾಣುತ್ತೆ. ಮರಳಗುಡ್ಡೆ ಮರೇಲಿ ಅಪ್ಪ ಒಬ್ರೇ ಚಕ್ಕಳಮಕ್ಕಳ ಹಾಕ್ಕೊಂಡು ಕೂತು ಊಟ ಮಾಡ್ತಾವ್ರೆ. ನಮ್ಮನೆ ಕ್ಯಾರಿಯರ್ರೇ. ಬೆರಳು ನೆಕ್ಕಿ, ತಳ ಬಳಿದು ಉಣ್ತಾವ್ರೆ. ಆಮೇಲೆ ಸಟ್ಟಂತ ಕ್ಯಾಮೆರಾ ಕಡೆ ನೋಡಿ, ಕ್ಯಾರಿಯರ್ನ ಬೆನ್ನ ಹಿಂದೆ ಬಚ್ಚಿಟ್ಕೊಂಡು, ಅವರೂ ಎದೆ ಬಡ್ಕೊಳೋಕೆ ಶುರು ಮಾಡ್ತಾರೆ.”

ಮಲ್ಲಾಜಮ್ಮನಿಗೆ ಈಗ ಅರ್ಥವಾಯಿತು. ಊರಿನವರೆಲ್ಲ ಸೇರಿ ಕಟ್ಟಿದ ಆನೆ ಅದು! ದೊರೆಯ ಸಾವಿನಲ್ಲಿ ಕೂತು ಉಂಡ ಯಜಮಾನರ ಮಾನ ಉಳಿಸಬೇಕೆಂದು ಒಬ್ಬೊಬ್ಬರೂ ಈ ಸ್ಟೂಲಿನ ಮೇಲೆ ಕೂತು ಆಕೆಗೆ ಸುಳ್ಳು ಹೇಳಿದ್ದರು. ಪುಟ್ಟಬಸವಯ್ಯ ಕೂಡ ಹೇಳಿದ್ದರು.

“ಉಂಡಿದ್ರಾ?” ಎಂದಳು.

“ಹೂಂ ಕಣವ್ವ. ಒಂದಗುಳೂ ಬಿಟ್ಟಿಲ್ಲ.”

ತಡೆದಿದ್ದ ಅಳು ಅಷ್ಟು ವರ್ಷದ್ದೂ ಒಟ್ಟಿಗೇ ಬಂತು, ಅದರ ಬೆನ್ನಿಗೇ ನಗುವೂ ಬಂತು. ಮೈ ಕುಲುಕುವ ಹಾಗೆ ನಕ್ಕಳು, ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಮತ್ತೆ ನಕ್ಕಳು. ಆಮೇಲೆ ಸೀಡಿಯನ್ನು ಬೆಳಕಿಗೆ ಹಿಡಿದು ಗೀಚು ಬಿದ್ದಿದೆಯೇ ಎಂದು ನೋಡಿ, ಮಗನ ಮುಂದೆ ಕೈ ಚಾಚಿದಳು.

“ಬಾಡಿಗೆ ಕೊಡು.”

ನಂಜೇಶ್ ಜೇಬು ತಡಕಾಡುತ್ತಿರುವಾಗಲೇ ಆಕೆ ಬಾಗಿಲಿಗೆ ಬಂದು, ಎದುರು ಬಾಳೆಹಣ್ಣಿನ ಗಾಡಿಯತ್ತ ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದಳು. “ಏನಯ್ಯಾ ಕರಿಯಯ್ಯ, ನಮ್ಮೋರು ಆನೆ ಮೇಲೆ ಕೂತಿದ್ರಾ? ಬಾ ಇಲ್ಲಿ! ಆ ಬೆಟ್ಟಸ್ವಾಮೀನೂ ಕರ್ಕೊಂಡು ಬಾ. ಒಬ್ಬೊಬ್ರೂ ಈ ಸೀಡಿ ಬಾಡಿಗೆಗೆ ತಗೊಂಡೋಗಿ, ನೋಡಿ, ಬಂದು ಇನ್ನೊಂದು ಸಲ ಕಥೆ ಹೇಳ್ಬೇಕು. ಸರಿಯಾಗಿ ಹೇಳೋತನಕ ಅಂಗಡಿ ಮುಚ್ಚಲ್ಲ!”