ಜಾಬರ್ ಧರಣೇಂದ್ರನ ಕಂಪ್ಯೂಟರಿಗೆ ನಾನು ಎಣ್ಣೆ ಬಿಟ್ಟದ್ದು

ಧರಣೇಂದ್ರನ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಒಂದು ಗುರುವಾರ, ಕಾಯಿಪಲ್ಲೆ ಮಾರುವ ನಾಗೂಬಾಯಿಯ ಬಾಯಿಂದ.

"ಕೇಳಿದೇನ ಗುರುಸಿದ್ದವ್ವಾ? ಅಕಿವಾಟದಾಂವ ಒಬ್ಬ ಜಾಬರ್, ನಲವತ್ತಾರ ವರ್ಷದಾಂವ, ಹುಡುಗೂರ ಜೋಡಿ ಬೆಂಚಿನ ಮ್ಯಾಲ ಕುಂತ ಕಂಪ್ಯೂಟರ್ ಕಲಿಯಾಕತ್ತಾನಂತ. ಅವಗ ಒಂದು ಖೋಲಿ ಬೇಕಾಗೈತಿ."

"ತಲಿ ಕೆಟ್ಟೈತೇನ ಅವಂದು?" ಎಂದೆ. ಮರುವಾರ ಅವನಿಗೇ ಕಬನೂರಿನ ನಮ್ಮ ಮನೆಯ ಮುಂದಿನ ಖೋಲಿ ಕೊಟ್ಟೆ. ನನ್ನ ಮಾತಿಗೂ ಕೆಲಸಕ್ಕೂ ಎಂದೂ ಹೊಂದಿಕೆ ಇಲ್ಲ.

ಜಾಬರ್ ಎಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನು. ಇಪ್ಪತ್ತೈದು ವರ್ಷ ಅದನ್ನೇ ಮಾಡಿದ್ದ. ಮಾಲಕರು ಹಳೆಯ ಮಗ್ಗಗಳನ್ನು ಗುಜರಿಗೆ ಹಾಕಿ ಆಟೋಮ್ಯಾಟಿಕ್ ಮಗ್ಗ ತಂದ ಮೇಲೆ ಅವನ ಕೆಲಸ ಹೋಯಿತು. ಹೆಂಡತಿ ರತ್ನಮಾಲಾ ಊರಲ್ಲಿ ಎಮ್ಮೆ ನೋಡಿಕೊಂಡಿದ್ದಳು. ಕಂಪ್ಯೂಟರ್ ಕೈಹತ್ತದಿದ್ದರೆ ಕಾಗಲದ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆಗಲಿ ಎಂದು ಅವಳ ಅಣ್ಣ ಜಾಗ ಹಿಡಿದಿಟ್ಟಿದ್ದ. ಧರಣೇಂದ್ರನಿಗೆ ಅದು ಬೇಡ.

"ಮಷೀನ್ ಮುಟ್ಟಲಾರದ ಈ ಕೈ ಏನ್ ಮಾಡೂದ್ರಿ ಮಾವಶಿ?" ಎನ್ನುತ್ತಿದ್ದ. ಚಿಕ್ಕಮ್ಮ ಎನ್ನುವ ಹಾಗೆ ನನ್ನನ್ನು ಮಾವಶಿ ಎಂದೇ ಕರೆಯುತ್ತಿದ್ದ.

ಆದರೆ ಆ ಕೈಗೆ ಟೈಪಿಂಗ್ ಬರುತ್ತಿರಲಿಲ್ಲ. ಒಂದು ಬೆರಳಿಟ್ಟರೆ ಮೂರು ಅಕ್ಷರ ಬೀಳುತ್ತಿದ್ದವು. ಪರೀಕ್ಷೆಯಲ್ಲಿ ಒಮ್ಮೆ ಫೇಲಾದ. ಹಳೆಯ ಕಂಪ್ಯೂಟರ್ ಒಂದನ್ನು ಮನೆಗೆ ತಂದ. ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲೇ ಉಂಡು, ತಾಟು ತೊಳೆದಿಟ್ಟು, ಕುಟ್ಟಲು ಕೂರುತ್ತಿದ್ದ.

ಎರಡನೆಯ ಪರೀಕ್ಷೆಗೆ ನಾಲ್ಕು ದಿನ ಇದ್ದಾಗ, ಬೆಳಿಗ್ಗೆ ಕಂಪ್ಯೂಟರ್ ಚಾಲೂ ಬಿಟ್ಟು ಬಸದಿಗೆ ಹೋಗಿದ್ದ. ಅದರ ಡಬ್ಬಿಯೊಳಗೆ ಕಿರ್ ಕಿರ್ ಸದ್ದು. ನಮ್ಮ ಯಜಮಾನರು ಇದ್ದಾಗ ನಾಲ್ಕು ಮಗ್ಗಗಳಿಗೆ ದಿನಾ ಎಣ್ಣೆ ಬಿಡುತ್ತಿದ್ದವಳು ನಾನು. ಎಣ್ಣೆ ಕಾಣದ ಯಂತ್ರ ಕಿರುಗುಡುತ್ತದೆ, ಇಷ್ಟೇ ನನ್ನ ಒಟ್ಟು ವಿದ್ಯೆ. ಶಾಲೆಯಲ್ಲಿ ಎರಡನೆಯ ಇಯತ್ತೆ. ಯಂತ್ರದ ವಿಷಯದಲ್ಲಿ ಮಾತ್ರ ಎಂ.ಎ. ಮುಗಿಸಿದ ಗತ್ತು. ಅಟ್ಟದ ಮೇಲಿನ ಹಳೆಯ ಎಣ್ಣೆ ಡಬ್ಬಿ ಇಳಿಸಿ, ಹಿಂದಿನ ಜಾಲರಿಯಿಂದ ಧಾರಾಳವಾಗಿ ಬಿಟ್ಟೆ. ಸದ್ದು ನಿಂತಿತು. ನನಗೆ ಎಷ್ಟು ಹೆಮ್ಮೆ! ಕಾಲು ತಾಸಿಗೆ ಕಂಪ್ಯೂಟರೂ ನಿಂತಿತು.

ಅವನು ಬಂದು ಮೂಸಿ ನೋಡಿದ. "ಮಾವಶಿ, ಮಗ್ಗದ ಎಣ್ಣಿ ವಾಸನಿ ಬರಾಕತ್ತೈತಲ್ರಿ?"

"ನಿನ್ನ ಅಂಗಿಗೇ ಹತ್ತಿರಬೇಕೋ."

"ನಾ ಮಗ್ಗ ಮುಟ್ಟಿ ವರ್ಷಾತ್ರಿ."

ಒಪ್ಪಿಕೊಂಡೆ. ಅವನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಸ್ಕ್ರೂ ಬಿಚ್ಚಿ ಡಬ್ಬಿ ತೆರೆದ. ನಮ್ಮ ಓಣಿಯ ಹತ್ತಿಯ ಧೂಳೆಲ್ಲ ಒಳಗೆ ಕಂಬಳಿಯಂತೆ ಕೂತಿತ್ತು. ಅದಕ್ಕೆ ನನ್ನ ಎಣ್ಣೆ ಬಿದ್ದು ಕಣಕ ನಾದಿದಂತಾಗಿತ್ತು. ಬ್ರಶ್ಶು, ಸ್ಪಿರಿಟು ಹಿಡಿದು ಎರಡು ದಿನ ಒಂದೊಂದೇ ಭಾಗ ಒರೆಸಿದ, ಹೊಸ ಫ್ಯಾನ್ ಹಾಕಿದ. ಟೈಪಿಂಗ್ ಮರೆತೇಬಿಟ್ಟ. ನಡುನಡುವೆ ಶಿಳ್ಳೆ ಬೇರೆ. ಮೂರನೆಯ ದಿನ ಯಂತ್ರ ಚಾಲೂ ಆಯಿತು. ನಾಲ್ಕನೆಯ ದಿನ ಇವನು ಮತ್ತೆ ಫೇಲಾದ.

ತಪ್ಪೊಪ್ಪಿಕೊಳ್ಳಲು ಅವನ ಜೊತೆ ಕಂಪ್ಯೂಟರ್ ಕ್ಲಾಸಿನ ಟೀಚರ್ ಪ್ರಿಯದರ್ಶನಿಯ ಬಳಿ ಹೋದೆ. ನನ್ನ ಮೊಮ್ಮಗಳ ವಯಸ್ಸಿನವಳು. ಎಣ್ಣೆಯ ಕತೆ ಕೇಳಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಅವನ ಕಡೆ ತಿರುಗಿದಳು.

"ಪೂರಾ ಬಿಚ್ಚಿ ನೀವ ಜೋಡಿಸಿದ್ರಿ? ಯಾರೂ ಹೇಳಿಕೊಡಲಾರದ? ಕಾಕಾ, ಟೈಪಿಂಗ್ ಬಿಡ್ರಿ. ಹಾರ್ಡ್‌ವೇರ್ ರಿಪೇರಿ ಕೋರ್ಸಿಗೆ ಬರ್ರಿ. ಆರ ತಿಂಗಳದ್ದೈತಿ."

ಆರು ತಿಂಗಳು ಕಾಯ್ದರೆ ವಾಚ್‌ಮನ್ ಜಾಗ ಹೋಯಿತೆಂದೇ ಲೆಕ್ಕ. "ಬ್ಯಾಡೋ ತಮ್ಮಾ, ಸುಮ್ಮನ ಕಾಗಲಕ್ಕ ಹೋಗು" ಎಂದೆ. ನನ್ನ ಬುದ್ಧಿವಾದದ ಕಿಮ್ಮತ್ತು ಅಷ್ಟರಲ್ಲಿ ಅವನಿಗೆ ಗೊತ್ತಾಗಿತ್ತು. ರಿಪೇರಿ ಕೋರ್ಸಿಗೆ ಸೇರಿದ.

ಪಾಸೂ ಆದ. ಈಗ ಗಡಹಿಂಗ್ಲಜದ ಒಂದು ತರಬೇತಿ ಕೇಂದ್ರದಲ್ಲಿ ರಿಪೇರಿ ಕಲಿಸುತ್ತಾನೆ. ಆ ಕೆಲಸ ಸಿಗಲು ಮೊದಲು ಅಲ್ಲಿ ಅರ್ಧ ತಾಸು ಪಾಠ ಮಾಡಿ ತೋರಿಸಬೇಕಿತ್ತು. ಹಿಂದಿನ ದಿನ ಮಧ್ಯಾಹ್ನ ಅವನಿಗೆ ಹೆದರಿಕೆ ಹತ್ತಿತು. ಡಬ್ಬಿ ಬಿಚ್ಚಿಟ್ಟು, ನನ್ನನ್ನು ಮಣೆಯ ಮೇಲೆ ಕೂರಿಸಿದ.

"ನಿಮಗ ತಿಳೀತಂದ್ರ ಯಾರಿಗೂ ತಿಳೀತೈತ್ರಿ."

ಅದು ಹೊಗಳಿಕೆಯಲ್ಲ ಎಂದು ತಿಳಿಯುವಷ್ಟು ಬುದ್ಧಿ ನನಗಿದೆ. ಅವನು ಒಂದೊಂದು ಭಾಗ ಮುಟ್ಟಿ ಹೇಳುತ್ತಾ ಹೋದ, ನಾನು ದೊಡ್ಡ ಪಂಡಿತೆಯಂತೆ ತಲೆ ಆಡಿಸುತ್ತಾ ಹೋದೆ. ನಡುವೆ ಪಾಠ ನಿಲ್ಲಿಸಿ ನನ್ನ ಮುಖ ನೋಡಿದ. ಮರುದಿನ ಬೆಳಿಗ್ಗೆ ಬಸ್ ಹತ್ತುವ ಮೊದಲು ಅವನು ನನ್ನಲ್ಲಿ ಕೇಳಿಕೊಂಡದ್ದು ಆಗ ಹೇಳಿದ ಈ ಒಂದೇ ಮಾತು:

"ಹಂಗ ಸುಮ್ಮನ ಗೋಣ ಹಾಕಬ್ಯಾಡ್ರಿ ಮಾವಶಿ. ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ರಿ. ಮತ್ತ ಮೊದಲಿಂದ ಹೇಳ್ತೇನಿ."