ಒಡೆಯನನ್ನು ಕೇಳದೆ ಫೋನು ತೆರೆಯದ ರಾಜಮತಿ

ಬೆಳಗಿನ ಐದೂವರೆ. ಅನಗೋಳದ ಈ ಗಲ್ಲಿಗೆ ಹಾಲಿನ ಗಾಡಿ ಕೂಡ ಇನ್ನೂ ಬಂದಿಲ್ಲ. ಮನೆಯ ಮುಂಗೋಣೆಯಲ್ಲಿ ರಾಜಮತಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು, ಉಸಿರು ಬಿಗಿಹಿಡಿದು, ಗಾಜು ಸೀಳಿದ ಫೋನೊಂದರ ಹೊಟ್ಟೆಯೊಳಗೆ ಚಿಮಟ ಇಳಿಸಿದ್ದಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕವನ್ನು ಹಣೆಗೇರಿಸಿ ಕೂತವರನ್ನು ಈಗ ಮಾತಾಡಿಸಿದರೆ ಉತ್ತರ ಸಿಗುವುದಿಲ್ಲ. ಗಂಡ ಜಿನಪಾಲ ಚಹಾದ ಲೋಟವನ್ನು ಮೇಜಿನ ಮೇಲಿಡದೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಸದ್ದಿಲ್ಲದೆ ಒಳಗೆ ಹೋಗುತ್ತಾರೆ. ಇಪ್ಪತ್ತು ವರ್ಷದ ಸಂಸಾರ ಅವರಿಗೆ ಅಷ್ಟನ್ನಂತೂ ಕಲಿಸಿದೆ.

ಇಷ್ಟು ಬೇಗ ಕೂರಲು ಕಾರಣವಿದೆ. "ಏಳ ಆತಂದ್ರ ನೀರಿನ ಟ್ಯಾಂಕರ್ ಚಾಲೂ ಆಗ್ತಾವ್ರಿ. ಅವು ಹಾದ ಹೋದ್ರ ಮೇಜ ನಡಗತೈತಿ. ಸಾಸಿವಿಕಿಂತ ಸಣ್ಣ ಸಾಮಾನ ಇರ್ತಾವ, ಒಮ್ಮಿ ಹಾರಿದ್ವು ಅಂದ್ರ ಮುಗೀತು" ಎನ್ನುತ್ತಾರೆ ರಾಜಮತಿ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನ ಮನೆತನ ಅವರದು. ಸಂಜೆ ಬೇಗ ಬಾಗಿಲು ಹಾಕುವ ಅಂಗಡಿ ಬೆಳಗ್ಗೆ ಬೇಗ ತೆರೆಯಲೇಬೇಕಲ್ಲ.

ಅಂಗಡಿ ಎಂದರೆ ಇದೇ ಮುಂಗೋಣೆ. ಹೊರಗೆ ಬೋರ್ಡಿಲ್ಲ, ಜಾಹೀರಾತಿಲ್ಲ. ಬೆಳಗಾವಿಯ ದೊಡ್ಡ ದೊಡ್ಡ ಮೊಬೈಲ್ ಅಂಗಡಿಗಳು ಕೈಚೆಲ್ಲಿದ ಫೋನುಗಳು ಕೊನೆಗೆ ಬಂದು ಬೀಳುವುದು ಇಲ್ಲಿ. ದಿನಕ್ಕೆ ಏಳೆಂಟು ಬರುತ್ತವೆ. ಬಾವಿಗೆ ಬಿದ್ದದ್ದು, ಟ್ರ್ಯಾಕ್ಟರ್ ಗಾಲಿ ಹತ್ತಿದ್ದು, ಮೊಮ್ಮಗ ಸಾರಿನಲ್ಲಿ ಅದ್ದಿದ್ದು. ಅದರಲ್ಲಿ ನಾಲ್ಕೋ ಐದೋ ಫೋನುಗಳೊಳಗಿನ ಫೋಟೋ, ಪತ್ರ, ಧ್ವನಿ ವಾಪಸು ಬರುತ್ತವೆ. ಉಳಿದವನ್ನು "ಆಗೂದಿಲ್ರಿ" ಎಂದು ಮುಖದ ಮೇಲೇ ಹೇಳಿ ಕಳಿಸುತ್ತಾರೆ. ಆಸೆ ತೋರಿಸಿ ನಾಲ್ಕು ಸಲ ಅಲೆದಾಡಿಸುವ ಚಾಳಿ ಅವರಿಗಿಲ್ಲ.

ತಲೆನೋವು ಬೀಗ ಹಾಕಿದ ಫೋನುಗಳದ್ದು. ಮೊಬೈಲ್ ರಿಪೇರಿ ಮಾಡುವವರಿಗೆ ಬೀಗ ತೆಗೆಯುವ ಮಂತ್ರ ಗೊತ್ತಿರುತ್ತದೆಂದು ಜನ ನಂಬಿದ್ದಾರೆ. ಹಳೆಯ ಫೋನುಗಳಲ್ಲಿ ನೆನಪಿನ ಚಿಪ್ ಕಿತ್ತು ಬೇರೆ ಯಂತ್ರಕ್ಕೆ ಹಚ್ಚಿ ಓದಬಹುದಿತ್ತು. ಈಗಿನವುಗಳಲ್ಲಿ ಒಳಗಿನ ಪ್ರತಿಯೊಂದು ಫೋಟೋ, ಪ್ರತಿಯೊಂದು ಮಾತು ಗುಪ್ತಲಿಪಿಯಲ್ಲಿ ಕೂತಿರುತ್ತದೆ. ಅದನ್ನು ಬಿಡಿಸುವ ಕೀಲಿಯ ಅರ್ಧ ಫೋನಿನ ಮುಖ್ಯ ಚಿಪ್ಪಿನಲ್ಲಿ, ಇನ್ನರ್ಧ ಬೀಗ ತೆಗೆಯಲು ಒಡೆಯ ಫೋನಿನ ಮೇಲೆ ಎಳೆಯುವ ಗೆರೆಯಲ್ಲಿ. ಚಿಪ್ ಕಿತ್ತರೆ ಸಿಗುವುದು ಬರೀ ಕಸ. ಪೇಟೆಯಲ್ಲಿ "ಹತ್ತು ನಿಮಿಷದಾಗ ಲಾಕ್ ತೆಗೀತೀವಿ" ಎನ್ನುವವರು ಫೋನನ್ನು ತೊಳೆದು ಹೊಸದರಂತೆ ಮಾಡಿ ಕೊಡುತ್ತಾರೆ. ಬೀಗವೇನೋ ಹೋಗಿರುತ್ತದೆ, ಜೊತೆಗೆ ಒಳಗಿದ್ದದ್ದೆಲ್ಲವೂ ಹೋಗಿರುತ್ತದೆ. ಅದು ಗೊತ್ತಾಗುವ ಹೊತ್ತಿಗೆ ಗಿರಾಕಿ ಮನೆ ಮುಟ್ಟಿರುತ್ತಾನೆ.

ಬೀಗದ ಫೋನಿಗೆ ರಾಜಮತಿಯವರದು ಒಂದೇ ಕಾನೂನು. ಅದರ ಒಡೆಯರು ಎದುರಿಗೆ ಕೂತು, ತಮ್ಮ ಒಪ್ಪಿಗೆ ತಿಳಿಸಬೇಕು. ಹೆಂಡತಿಯ ಫೋನು ಹಿಡಿದು ಬಂದ ಗಂಡ, ಮಗಳ ಫೋನು ಹಿಡಿದು ಬಂದ ಅಪ್ಪ, ಎಲ್ಲರೂ ಬಂದ ದಾರಿಯಲ್ಲೇ ತಿರುಗಿ ಹೋಗುತ್ತಾರೆ. ಕೆಲವರು ಹೋಗುವಾಗ ಬಾಗಿಲನ್ನು ಜೋರಾಗಿ ಎಳೆದುಕೊಳ್ಳುವುದರಿಂದ ಚಿಲಕ ಎರಡು ಸಲ ಬದಲಾಗಿದೆ.

ಈ ಕಾನೂನು ಪುಸ್ತಕದಿಂದ ಬಂದದ್ದಲ್ಲ. ಐಟಿಐ ಮುಗಿಸಿದ ರಾಜಮತಿ ಮೊದಲು ಗುತ್ತಿಗೆಯ ಮೇಲೆ ದೂರವಾಣಿ ತಂತಿಗಳ ಕೆಲಸ ಮಾಡಿದವರು. ಆ ಕೆಲಸ ತಪ್ಪಿದ ಮೇಲೆ ಪೇಟೆಯ ಮೊಬೈಲ್ ಅಂಗಡಿಯೊಂದರ ಹಿಂಗೋಣೆಗೆ ಸೇರಿದರು. ಹೆಣ್ಣುಮಗಳು ರಿಪೇರಿ ಮಾಡುತ್ತಾಳೆಂದರೆ ಗಿರಾಕಿ ನಂಬುವುದಿಲ್ಲವೆಂದು ಮಾಲೀಕ ನಡುವೆ ಪರದೆ ಕಟ್ಟಿದ್ದ. ಒಂದು ದಿನ ಪರದೆಯ ಆಚೆಯಿಂದ ಒಂದು ಫೋನು ಬಂತು. ಬೀಗ ಹಾಕಿತ್ತು, ಹಳೆಯ ಮಾದರಿ, ಮುಕ್ಕಾಲು ಗಂಟೆಯಲ್ಲಿ ತೆರೆದು ಕೊಟ್ಟರು. ಮಾಲೀಕ ಶಹಬ್ಬಾಸ್ ಎಂದ. ಅದು ಫೋನು ತಂದವನದಲ್ಲ, ಅವನ ತಂಗಿಯದೆಂದು ಗೊತ್ತಾದದ್ದು ವಾರದ ಮೇಲೆ. ಅದರೊಳಗಿನ ನಾಲ್ಕು ಸಂದೇಶಗಳ ಸಲುವಾಗಿ ಆ ಹುಡುಗಿಗೆ ಹೊಡೆತ ಬಿದ್ದಿತ್ತು, ಕಾಲೇಜು ಬಿಡಿಸಿದ್ದರು, ತಿಂಗಳೊಳಗೆ ಎಲ್ಲಿಗೋ ಮದುವೆ ಮಾಡಿ ಕಳಿಸಿದರು.

"ನಾ ಫೋನಿನ ಬೋರ್ಡ್ ನೋಡಿದ್ನಿ, ಮನಷ್ಯಾರನ್ನ ನೋಡ್ಲಿಲ್ರಿ" ಎಂದು ಹೇಳುವಾಗ ರಾಜಮತಿ ಕೈಯಲ್ಲಿನ ಚಿಮಟವನ್ನು ಕೆಳಗಿಡುತ್ತಾರೆ. ಸಂಗತಿ ತಿಳಿದ ಮರುದಿನವೇ ಅವರು ಆ ಅಂಗಡಿ ಬಿಟ್ಟರು. ಹನ್ನೊಂದು ವರ್ಷವಾಯಿತು. ಆ ಹುಡುಗಿಯ ಹೆಸರು ಅವರಿಗೆ ಇಂದಿಗೂ ಗೊತ್ತಿಲ್ಲ, ಆ ಸಂಕಟ ಮಾತ್ರ ಹೋಗಿಲ್ಲ.

ಈಗ ಅವರ ಚಿಮಟದ ಕೆಳಗಿರುವುದು ಖಾನಾಪುರದ ಗುರುಪುತ್ರಪ್ಪನವರ ಫೋನು. ಎಪ್ಪತ್ತರ ಗುರುಪುತ್ರಪ್ಪ ಕುಂಬಾರಿಕೆಯಲ್ಲಿ ಪಳಗಿದ ಕೈ. ಬರವಣಿಗೆ ಅಷ್ಟಕ್ಕಷ್ಟೇ ಆದ್ದರಿಂದ ನಾಲ್ಕು ವರ್ಷದಿಂದ ಪ್ರತಿ ಸಲ ಗಡಿಗೆ ಬೇಯಿಸುವ ಗೂಡಾದ ಆವಿಗೆ ಸುಡುವಾಗಲೂ ಮಣ್ಣಿನ ಹದ, ಗಾಳಿ, ಉರಿಯ ಲೆಕ್ಕವನ್ನು ಫೋನಿನಲ್ಲಿ ಮಾತಾಡಿ ಇಟ್ಟುಕೊಳ್ಳುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಬಿದ್ದಾಗ ಫೋನಿನ ಗಾಜೂ ಸೀಳಿತು. ಅಪ್ಪನ ಜಾಗದಲ್ಲಿ ಕೂತ ಮಗ ವಿನಯ ಎರಡು ಸಲ ಆವಿಗೆ ಹಚ್ಚಿದ, ಎರಡು ಸಲವೂ ಮುಕ್ಕಾಲು ಪಾಲು ಗಡಿಗೆ ಬಿರುಕು ಬಿಟ್ಟವು. ಮೂರನೆಯದೂ ಹಾಗೇ ಆದರೆ ಆವಿಗೆ ಕಿತ್ತು ಜಾಗ ಸಮ ಮಾಡುವುದೆಂದು ಮನೆಯಲ್ಲಿ ಮಾತಾಗಿದೆ. ಕಸುಬನ್ನು ಉಳಿಸಬಲ್ಲ ಮಾತುಗಳಿರುವುದು ಆ ಫೋನಿನೊಳಗೆ ಮಾತ್ರ. ಬೇರೆ ಕಡೆ ಪ್ರತಿ ಇಟ್ಟುಕೊಳ್ಳಬೇಕೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಬೆರಳಿನ ಗುರುತಿನಿಂದ ತೆರೆಯಬಹುದಿತ್ತಲ್ಲ ಎಂದರೆ, ಐವತ್ತು ವರ್ಷ ತಿರುಗುವ ತಿಗರಿಯ ಮೇಲಿನ ಮಣ್ಣಿಗೆ ತಿಕ್ಕಿದ ಬೆರಳಿನಲ್ಲಿ ಗೆರೆಗಳೇ ಉಳಿದಿಲ್ಲ. ರೇಷನ್ ಅಂಗಡಿಯ ಯಂತ್ರವೂ ಗುರುಪುತ್ರಪ್ಪನವರನ್ನು ಗುರುತು ಹಿಡಿಯುವುದಿಲ್ಲ. ಅದಕ್ಕೇ ಒಂಬತ್ತು ಚುಕ್ಕಿಗಳ ಮೇಲೆ ಗೆರೆ ಎಳೆಯುವ ಬೀಗ ಇಟ್ಟುಕೊಂಡಿದ್ದರು. ಮಾತು ಹೋದ ಅಪ್ಪನನ್ನೂ ಕೇಳಬಹುದೆಂದು ಹೊಳೆಯದೆ ವಿನಯ ತನಗೆ ತೋಚಿದ ಗೆರೆಗಳನ್ನೆಲ್ಲ ಎಳೆದು ನೂರರ ಹತ್ತಿರ ತಪ್ಪು ಮಾಡಿದ್ದಾನೆ. ತಪ್ಪು ಹೆಚ್ಚಿದಂತೆ ಫೋನು ಕಾಯಿಸುವ ಹೊತ್ತೂ ಹೆಚ್ಚುತ್ತದೆ. ಮೊದಲು ಅರ್ಧ ನಿಮಿಷ ಇದ್ದದ್ದು ಈಗ ಒಂದು ತಾಸು. ಹೀಗೇ ನಡೆದರೆ ದಿನಕ್ಕೆ ಒಂದೇ ಸಲ ಎನ್ನುವ ಸ್ಥಿತಿ ಬರುತ್ತದೆ. ಕೆಲವು ಫೋನುಗಳು ಸಾಕಾಗಿ ತಮ್ಮನ್ನು ತಾವೇ ಅಳಿಸಿಕೊಳ್ಳುವುದೂ ಉಂಟು.

ಕಳೆದ ವಾರ ವಿನಯ ಒಬ್ಬನೇ ಬಂದಾಗ ರಾಜಮತಿ ಒಪ್ಪಲಿಲ್ಲ. "ಅಕ್ಕಾರ, ನಾ ಅವರ ಮಗಾ ಅದೀನ್ರಿ. ನನಗ ಹಕ್ಕಿಲ್ಲೇನು?" ಎಂದು ಅವನು ದನಿ ಏರಿಸಿದ. ಎಲುಬು ಹುಡಿಯಾಗುವಂತೆ ದುಡಿದು, ಅಪ್ಪನನ್ನು ಎತ್ತಿ ಇಳಿಸಿ ಸುಸ್ತಾದವನ ಸಿಟ್ಟು ಅದು. ರಾಜಮತಿ ಏರಿದ ದನಿಗೆ ಹೆದರಲಿಲ್ಲ, ಸಿಟ್ಟೂ ಆಗಲಿಲ್ಲ. ಗಾಜನ್ನಷ್ಟೇ ಸರಿ ಮಾಡಿ ಕೊಡುತ್ತೇನೆ, ಅದಕ್ಕೆ ಬೀಗ ಅಡ್ಡಿಯಿಲ್ಲ ಎಂದರು. ಬೀಗದ ಮಾತಿಗೆ ಬಂದಾಗ ಅವರು ಹೇಳಿದ್ದು ಇಷ್ಟೇ: "ಅಪ್ಪಾರು ಜೀವಂತ ಅದಾರ, ಅವರನ್ನ ಕೇಳೂಣು. ಅವರಿಗೆ ಬರಾಕ ಆಗೂದಿಲ್ಲಂದ್ರ ನಾನ ಬರ್ತೀನಿ."

ಗಿರಾಕಿಯ ಮನೆಗೆ ಹೋಗುವುದು ಇದೇ ಮೊದಲು. ಹೊಸ ಗಾಜು ಕೂಡಿಸಿ, ಫೋನಿಗೆ ಪೂರ್ತಿ ಚಾರ್ಜು ತುಂಬಿ, ಹತ್ತಿಯಲ್ಲಿ ಸುತ್ತಿ ಸ್ಟೀಲಿನ ಡಬ್ಬಿಯಲ್ಲಿಟ್ಟುಕೊಂಡು ರಾಜಮತಿ ರೈಲು ಹತ್ತುತ್ತಾರೆ. ದೇಸೂರ ದಾಟುವವರೆಗೂ ಡಬ್ಬಿ ತೊಡೆಯ ಮೇಲೇ ಇರುತ್ತದೆ. ಎದುರಿನ ಹೆಂಗಸು ಡಬ್ಬಿಯಲ್ಲಿರುವ ತಿಂಡಿ ಏನೆಂದು ಮರಾಠಿಯಲ್ಲಿ ವಿಚಾರಿಸಿದಾಗ ರಾಜಮತಿಗೆ ನಗು ತಡೆಯುವುದಿಲ್ಲ.

ಖಾನಾಪುರದ ಮನೆಯಲ್ಲಿ ಗುರುಪುತ್ರಪ್ಪ ಪಡಸಾಲೆಯ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಾರೆ. ಹಣೆಯಲ್ಲಿ ವಿಭೂತಿ, ಕಣ್ಣು ಚುರುಕು. ಎಲ್ಲ ಕೇಳಿಸುತ್ತದೆ, ಎಲ್ಲ ತಿಳಿಯುತ್ತದೆ, ನಾಲಿಗೆಯೊಂದು ಏಳುವುದಿಲ್ಲ. ರಾಜಮತಿ ಮಂಚದ ಬಾಜು ಕೆಳಗೇ ಕೂತು ಫೋನು ತೋರಿಸುತ್ತಾರೆ. "ಕಾಕಾರ, ಇದನ್ನ ತೆಗಿಲೇನ್ರಿ? ಬ್ಯಾಡಂದ್ರ ಹಂಗ ನಿಮ್ಮ ಕೈಯಾಗ ಇಟ್ಟ ಹೋಗ್ತೀನಿ." ಮುದುಕರು ಮಗನ ಮುಖವನ್ನು ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಆಗಲಿ ಎಂಬಂತೆ ತಲೆ ಆಡಿಸುತ್ತಾರೆ.

ಹಸಿ ಮಣ್ಣಿನ ಹಲಗೆ ತಟ್ಟಿ ಅದರಲ್ಲಿ ಒಂಬತ್ತು ಚುಕ್ಕಿ ಒತ್ತಿಕೊಡಲು ರಾಜಮತಿ ವಿನಯನಿಗೆ ಹೇಳುತ್ತಾರೆ. ಕಾಗದಕ್ಕಿಂತ ಮಣ್ಣೇ ಆ ಕೈಗೆ ಹತ್ತಿರದ್ದು ಎಂಬುದು ಅವರ ಲೆಕ್ಕ. ಗುರುಪುತ್ರಪ್ಪ ಎಡಗೈಯ ತೋರುಬೆರಳನ್ನು ಮಣ್ಣಿಗಿಟ್ಟು, ತಡವರಿಸದೆ ಒಂದು ಗೆರೆ ಎಳೆಯುತ್ತಾರೆ. ಮೂರು ಸಲ ಅಳಿಸಿ ಎಳೆಸಿದರೂ ಅದೇ ಗೆರೆ, ಅದೇ ತಿರುವು. ಅದರ ಆಕಾರವನ್ನು ಇಲ್ಲಿ ಬರೆಯುವಂತಿಲ್ಲ, ರಾಜಮತಿಯವರ ಕಟ್ಟಪ್ಪಣೆ. ಎಲ್ಲರ ಮುಖದಲ್ಲೂ ಕಳೆ ಬರುತ್ತದೆ. ಅದೇ ಗೆರೆಯನ್ನು ಫೋನಿನ ಮೇಲೆ ಎಳೆದರೆ, ತಪ್ಪು. ಇನ್ನೊಂದು ತಾಸು ಕಾಯಬೇಕು. ಎರಡು ಸಲಕ್ಕಿಂತ ಹೆಚ್ಚು ಪ್ರಯತ್ನ ಮಾಡುವುದಿಲ್ಲ ಎಂದು ರಾಜಮತಿ ಮೊದಲೇ ಹೇಳಿದ್ದಾರೆ. ಊಹೆಯ ಮೇಲೆ ಕೈಯಾಡಿಸಿ ಇನ್ನೊಬ್ಬರ ಬದುಕಿನ ಗಂಟನ್ನು ಕಳೆಯಲು ಅವರು ತಯಾರಿಲ್ಲ.

ಗುರುಪುತ್ರಪ್ಪನವರ ಹೆಂಡತಿ ನಿಂಗವ್ವ ಊಟಕ್ಕೆ ಏಳಿಸುತ್ತಾರೆ. ಬಂದವರು ಜೈನರೆಂದು ತಿಳಿದು ಬಳ್ಳೊಳ್ಳಿ ಹಾಕದೆ ಪಲ್ಯ ಮಾಡಿದ್ದಾರೆ. ರೊಟ್ಟಿ ಮುರಿಯುತ್ತ ಕೂತ ರಾಜಮತಿಯವರ ಕಣ್ಣು ಮಂಚದ ಕಡೆಗೇ ಇದೆ. ಗುರುಪುತ್ರಪ್ಪ ಹಲಗೆಯ ಮೂಲೆಯಲ್ಲಿ ಇನ್ನೇನೋ ಬರೆಯುತ್ತಿದ್ದಾರೆ. ಪ್ರತಿ ಗಡಿಗೆಯ ತಳಕ್ಕೆ ಹಾಕುವ ತಮ್ಮ ಗುರುತು, 'ಗು' ಎಂಬ ಅಕ್ಷರ ಅದು. ನೋಡಿದರೆ ಕೊಂಬು ಎಡಕ್ಕೆ ಬಂದಿದೆ. ಹೆಸರಿನ ಅಕ್ಷರವನ್ನೂ ಮರೆತರಲ್ಲ ಎಂದು ನಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ರಾಜಮತಿ ತುತ್ತನ್ನು ತಾಟಿನಲ್ಲೇ ಬಿಟ್ಟು ಏಳುತ್ತಾರೆ. ಫೋನಿನ ಬೋರ್ಡನ್ನು ದಿನಕ್ಕೆ ಐವತ್ತು ಸಲ ಮಗುಚುವವರು ಅವರು. ಮೇಲಿನಿಂದ ಎಡಕ್ಕಿದ್ದದ್ದು ಕೆಳಗಿನಿಂದ ಬಲಕ್ಕಿರುತ್ತದೆ, ಆ ಲೆಕ್ಕ ತಪ್ಪಿದರೆ ಬೆಸುಗೆ ತಪ್ಪುತ್ತದೆ. ಮುದುಕರು ಅಕ್ಷರ ಮರೆತಿಲ್ಲ. ಬಲಗೈ ಕಲಿತದ್ದನ್ನು ಎಡಗೈ ಕನ್ನಡಿಯೊಳಗಿನಂತೆ ತಿರುಗಿಸಿ ಬರೆಯುತ್ತಿದೆ, ಅಷ್ಟೇ. ಹಾಗಾದರೆ ಬೀಗದ ಗೆರೆಯೂ ತಿರುಗಿದೆ.

ತಾಸು ತುಂಬುವವರೆಗೆ ವಿನಯ ನಾಲ್ಕು ಸಲ ಗಡಿಯಾರ ನೋಡುತ್ತಾನೆ. ಹೊತ್ತಾದ ಮೇಲೆ ರಾಜಮತಿ ಗುರುಪುತ್ರಪ್ಪನವರ ಎದುರಿಗೇ ಫೋನು ಹಿಡಿದು, ಮಣ್ಣಿನ ಮೇಲಿನ ಗೆರೆಯನ್ನು ಎಡಬಲ ಅದಲು ಬದಲು ಮಾಡಿ ಎಳೆಯುತ್ತಾರೆ. ಫೋನು ತೆರೆದುಕೊಳ್ಳುತ್ತದೆ.

ತಾರೀಖಿನ ಹೆಸರಿನಲ್ಲಿ ಇನ್ನೂರಾ ಹತ್ತು ಧ್ವನಿಗಳಿವೆ. ಮೊದಲನೆಯದನ್ನು ಗುರುಪುತ್ರಪ್ಪನವರೇ ಒತ್ತುತ್ತಾರೆ. ನಾಲ್ಕು ತಿಂಗಳಿಂದ ಆ ಮನೆ ಕೇಳದ ದನಿ ಪಡಸಾಲೆ ತುಂಬುತ್ತದೆ: "ಇವತ್ತ ಮೋಡ ಐತಿ. ಇಂಥಾ ದಿನಾ ಉರಿ ಜಲ್ದಿ ಏರಸಬಾರದು. ಹೊಗಿ ಬೆಳ್ಳಗ ಇರೂತನಕ ಸಣ್ಣ ಉರೀನ ಇರಲಿ. ಹೊಗಿ ತಿಳಿ ಆತಂದ್ರ ಕಟಗಿ ಹಾಕು." ವಿನಯ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಬಿಳಿ ಹೊಗೆ ಏಳುತ್ತಿದ್ದಾಗಲೇ ಅವನು ಎರಡೂ ಸಲ ಕಟ್ಟಿಗೆ ತುಂಬಿದ್ದ. ಮಣ್ಣಿನ ಪಸೆ ಆರುವ ಮೊದಲೇ ಗಡಿಗೆಗಳನ್ನು ಸುಟ್ಟಿದ್ದ. ಕಾರಣ ಸಿಕ್ಕಿತು, ಆವಿಗೆ ಉಳಿಯಿತು ಎಂದು ಅವನಿಗೆ ಅಳುವೂ ನಗುವೂ ಒಟ್ಟಿಗೇ ಬರುತ್ತವೆ.

ಎಲ್ಲವನ್ನೂ ಈಗಲೇ ತನ್ನ ಫೋನಿಗೆ ಹಾಕಿಕೊಡಿ ಎಂದು ಅವನು ಅವಸರ ಮಾಡುತ್ತಾನೆ. ರಾಜಮತಿ ಎರಡು ಫೋನುಗಳನ್ನು ಜೋಡಿಸುವ ತಂತಿಯನ್ನು ಡಬ್ಬಿಯಿಂದ ತೆಗೆಯುವುದೇ ಇಲ್ಲ. "ಮೊದಲ ಅವರು ನೋಡ್ಲಿ. ಆಮ್ಯಾಲ ಅವರು ಕೊಡು ಅಂದದ್ದನ್ನ ಕೊಡ್ತೀನಿ" ಎಂದು ಫೋನನ್ನು ಮುದುಕರ ಎಡಗೈಯಲ್ಲಿಡುತ್ತಾರೆ.

ಗುರುಪುತ್ರಪ್ಪ ಹೆಬ್ಬೆರಳಿನಿಂದ ಪಟ್ಟಿಯನ್ನು ಮೆಲ್ಲಗೆ ಸರಿಸುತ್ತ ಹೋಗುತ್ತಾರೆ. ಎರಡು ವರ್ಷದ ಹಿಂದಿನ ಒಂದು ತಾರೀಖಿನ ಹತ್ತಿರ ಬೆರಳು ನಿಲ್ಲುತ್ತದೆ. ಅದನ್ನು ಅವರು ಹಚ್ಚಿ ಕೇಳುವುದಿಲ್ಲ. ಒತ್ತಿ ಹಿಡಿದು, ಕಸದ ಬುಟ್ಟಿಯ ಚಿತ್ರ ಮುಟ್ಟುತ್ತಾರೆ. ಆಮೇಲೆ ರಾಜಮತಿಯವರ ಕಡೆ ನೋಡುತ್ತಾರೆ. ಅಳಿಸಿದ್ದು ಇನ್ನೂ ಮೂವತ್ತು ದಿನ ಬುಟ್ಟಿಯಲ್ಲಿ ಉಳಿದಿರುತ್ತದೆ ಎಂದು ರಾಜಮತಿ ಮೆಲ್ಲಗೆ ಹೇಳಿ, ಬುಟ್ಟಿ ಎಲ್ಲಿದೆಯೆಂದು ತೋರಿಸುತ್ತಾರೆ. ಅಲ್ಲಿಂದಲೂ ಅದನ್ನು ತೆಗೆದುಹಾಕಿದ ಮೇಲೆಯೇ ಗುರುಪುತ್ರಪ್ಪ ಫೋನನ್ನು ಮಗನ ಕೈಗೆ ಕೊಡುತ್ತಾರೆ. ಅದೇನಿತ್ತು ಎಂದು ವಿನಯ ಕೇಳಿದರೆ ಅವರು ಕಣ್ಣು ಮುಚ್ಚಿಕೊಂಡು ದಿಂಬಿಗೊರಗುತ್ತಾರೆ. ಮುಖದಲ್ಲಿ ಹಗುರವಾದ ಸಮಾಧಾನವಿದೆ.

ಸ್ಟೇಷನ್ನಿಗೆ ಬಿಡಲು ಬಂದ ವಿನಯ ದಾರಿಯಲ್ಲಿ ಇನ್ನೊಮ್ಮೆ ಕೇಳುತ್ತಾನೆ, ನಿಮ್ಮಂಥವರಿಗೆ ಅಳಿಸಿದ್ದನ್ನೂ ವಾಪಸು ತೆಗೆಯಲು ಬರುತ್ತದಲ್ಲವೇ ಎಂದು. ಬಂದರೂ ತೆಗೆಯುವುದಿಲ್ಲ ಎನ್ನುತ್ತಾರೆ ರಾಜಮತಿ. ಅವನು ಬೇಸರ ಮಾಡಿಕೊಂಡದ್ದು ಅವರಿಗೆ ಕಾಣುತ್ತದೆ. ಬೆಳಗಾವಿಯ ರೈಲು ಬರುವ ಹೊತ್ತಿಗೆ ಅವನ ಹೆಗಲು ತಟ್ಟಿ, ಅವನಿಗೆ ಕೇಳಿಸುವಷ್ಟೇ ದನಿಯಲ್ಲಿ ಹೇಳುತ್ತಾರೆ:

"ನಾಲ್ಕ ತಿಂಗಳಿಂದ ಉಣಸೂದು, ಏಳಸೂದು, ಎಲ್ಲಾ ಅವರ ಸಲುವಾಗಿ ನೀವ ಮಾಡಾಕತ್ತೀರಿ. ಇವತ್ತ ಏನ ಇಡೂದು, ಏನ ಅಳಸೂದು ಅನ್ನೂ ಒಂದ ಕೆಲಸಾ ಅವರು ತಾವ ಮಾಡಿದ್ರು. ಅದನ್ನ ಕಣ್ಣಾರೆ ನೋಡಿದ್ನಿ ನೋಡ್ರಿ, ನಾ ಇಲ್ಲಿಗೆ ಬಂದದ್ದು ಸಾರ್ಥಕ ಆತು."